ನೆಗೆಣ್ಣಿಯ ಹಣಿಗೆ

ಡಬ್ ಡಬ್ ಡಬ್ ಅಂತ ಯಾರೋ ಔಷಧ ಹೊಡೆಯುತ್ತಿದ್ದಾರೆ, ಇಷ್ಟು ಬೆಳಗ್ಗೆಯೇ, ಎಲೆ ಮೇಲಿನ ಇಬ್ಬನಿ ಕೂಡ ಆರಿಲ್ಲ, ಯಾರ ದ್ರಾಕ್ಷಿ ಪಡಕ್ಕೆ ರೋಗ ಬಿತ್ತೋ ಏನೋ — ಅಲ್ಲ, ದೋಣಿ, ದೋಣಿಯ ಇಂಜಿನ್ನು, ಇದು ಗಂಗೆ, ನಾನು ಕಾಶಿಯಲ್ಲಿದ್ದೇನೆ, ಕಣ್ಣು ಮುಚ್ಚಿದ್ದೇ ತಡ ತೋಟಕ್ಕೆ ಓಡಿಬಿಟ್ಟೆ, ಎರಡು ದಿನ ರೈಲಿನಲ್ಲಿ ಕೂತು ಬಂದರೂ ಕಿವಿ ಮಾತ್ರ ಅಥಣಿ ರೋಡಿನ ನಮ್ಮ ತೋಟದಲ್ಲೇ ಉಳಿದುಕೊಂಡಿದೆ. ಸಾಂಸ್ ಅಂದರ್, ಅನ್ನುತ್ತಾರೆ ಯೋಗದ ಮೇಡಂ, ಎಳೆದುಕೊಳ್ಳುತ್ತೇನೆ, ಹೊಗೆ, ಚೆಂಡುಹೂವು, ಯಾರೋ ಕುದಿಸುತ್ತಿರುವ ಚಹಾದ ಶುಂಠಿ, ಎಲ್ಲವೂ ಒಳಗೆ, ಸಾಂಸ್ ಬಾಹರ್, ಬಿಡುತ್ತೇನೆ, ಮಂಡಿಯ ಕೆಳಗೆ ಕಲ್ಲು ತಣ್ಣಗಿದೆ, ಜಮಖಾನೆ ಮಡಚಿ ಹಾಕಿಕೊಳ್ಳಬೇಕಿತ್ತು, ದೀಪಾಲಿ ಹೇಳಿದ್ದಳು, ಅವ್ವಾ ನಾಕ್ ಮಡಿಕಿ ಮಾಡಿ ಹಾಸ್ಕೋಬೇ, ಕೇಳಲಿಲ್ಲ, ಮಗಳು ಹೇಳಿದ್ದನ್ನು ಒಂದೇ ಸಲಕ್ಕೆ ಕೇಳಿದರೆ ನಾನು ಸುಂದರಾ ಹೇಗಾದೇನು. ಚಿಕ್ಕೋಡಿಯ ಕಾಲೇಜಿನಲ್ಲಿ ನೂರಾರು ಹುಡುಗರನ್ನು ಕೂರಿಸಿ ಪಾಠ ಮಾಡುವವಳು, ತನ್ನ ಹನ್ನೆರಡು ದಿನದ ರಜೆಯನ್ನು ನನ್ನ ಒಂದು ತೋಳಿಗಾಗಿ ಸುರಿದಿದ್ದಾಳೆ, ಮುಂಜಾನೆ ನಾಲ್ಕೂವರೆಗೆ ಎಬ್ಬಿಸುತ್ತಾಳೆ, ಬಿಸಿನೀರು ತಂದುಕೊಡುತ್ತಾಳೆ, ಈ ಘಾಟಿನ ಮೆಟ್ಟಿಲು ಕೈಹಿಡಿದು ಇಳಿಸುತ್ತಾಳೆ, ನನ್ನ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳಲ್ಲ, ಪುಣ್ಯ ಅನ್ನುವುದು ಗಂಗೆಯಲ್ಲಿ ಮುಳುಗಿದ ಮೇಲೇ ಬರಬೇಕೆಂದೇನಿಲ್ಲ.

ಬಲಗೈ, ಈ ಬಲಗೈ, ಹೋದ ವರ್ಷ ದೀಪಾವಳಿ ಆದ ವಾರಕ್ಕೆ ಹೆಗಲಲ್ಲಿ ಕೀಲು ಹಿಡಿಯಿತು, ಮೊದಲು ಮಲಗಿದಾಗ ಮಾತ್ರ ನೋವು, ಆಮೇಲೆ ಕುಪ್ಪಸ ಹಾಕುವಾಗ, ಆಮೇಲೆ ಎದೆಯ ಮಟ್ಟಕ್ಕಿಂತ ಮೇಲೆ ಏಳಲೇ ಇಲ್ಲ, ಸಕ್ಕರಿ ಕಾಯಿಲೆ ಇದ್ದವರಿಗೆ ಹಿಂಗ್ ಆಗತೈತ್ರಿ, ವರ್ಷ ಹಿಡಿಬಹುದು, ವ್ಯಾಯಾಮ ಬಿಡಬ್ಯಾಡ್ರಿ ಅಂದರು ಡಾಕ್ಟರು, ಗೋಡೆಗೆ ಬೆರಳಿಟ್ಟು ಇರುವೆಯ ಹಾಗೆ ಮೇಲೆ ಹತ್ತಿಸಿದೆ, ನಮ್ಮ ಪಡಸಾಲೆಯ ಗೋಡೆಯಲ್ಲಿ ನನ್ನ ಎದೆಯ ಮಟ್ಟಕ್ಕೆ ಎಣ್ಣೆಗೈಯ ಗೆರೆಯೇ ಬಿದ್ದಿದೆ, ಅದರ ಮೇಲೆ ಗೋಡೆ ಶುಭ್ರ. ಇಪ್ಪತ್ತೆಂಟು ವರ್ಷ ಚಪ್ಪರದ ಕೆಳಗೆ ಕೈ ಎತ್ತಿಕೊಂಡೇ ಬದುಕಿದವಳು ನಾನು, ಮುಂಜಾನೆಯಿಂದ ಸಂಜೆಯವರೆಗೆ ಕತ್ತು ಹಿಂದಕ್ಕೆ, ಕೈ ಮೇಲಕ್ಕೆ, ಒಂದೊಂದೇ ಗೊನೆ ಹಿಡಿದು ಒತ್ತಾಗಿ ಕೂತ ಸಣ್ಣ ಮಣಿಗಳನ್ನು ಚಿವುಟಿ ತೆಗೆಯುವುದು, ಉಳಿದವು ದಪ್ಪಗಾಗಲಿ ಅಂತ, ನನ್ನ ಹಿಂದೆ ಹನ್ನೆರಡು ಹೆಣ್ಣಾಳು, ಯಾರದೂ ನನ್ನಷ್ಟು ಚುರುಕು ಕೈಯಲ್ಲ, ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರು ಹೇಳುತ್ತಾರೆ, ಬಾಬಾಸಾಹೇಬ ಹೇಳುತ್ತಾನೆಯೇ, ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡ ಅನ್ನಿಸಿಕೊಂಡವನು ಹೊಗಳಿದ್ದು ಒಮ್ಮೆ, ಅದೂ ಎಮ್ಮೆಯನ್ನು. ಈ ವರ್ಷ ಏಳಲಿ ಸಾಕು, ದಸರಾ ಚಾಟಣಿಗೆ ಮೊದಲು ಎದ್ದರೆ ಸಾಕು, ಬಳ್ಳಿ ಕತ್ತರಿಸುವ ಹೊತ್ತಿಗೆ ನಾನು ಕುರ್ಚಿಯಲ್ಲಿ ಕೂತು ನೋಡುವುದು ಬೇಡ, ಇದನ್ನೇ ಬೇಡಿಕೊಂಡೆ ವಿಶ್ವನಾಥನ ಮುಂದೆ, ಇನ್ನೇನೂ ಬೇಡಲಿಲ್ಲ, ಬೇಡಬೇಕಾದ್ದು ಇನ್ನೊಂದಿತ್ತು, ನಾಲಿಗೆಗೆ ಬರಲಿಲ್ಲ.

ಬಂತು ಕೈ, ನಿನ್ನೆ ಬಂತು, ನಿನ್ನೆಯದನ್ನು ನೆನೆದರೆ ಈಗಲೂ ನಗು, ನಗಬಾರದು, ಧ್ಯಾನ ನಡೆದಿದೆ, ತುಟಿ ಬಿಗಿಹಿಡಿ. ದೋನೋಂ ಹಾಥ್ ಊಪರ್, ಎರಡೂ ಕೈ ಮೇಲೆ, ಅಂದರು ಮೇಡಂ, ಕಣ್ಣು ಮುಚ್ಚಿ ಅಂದರು, ತಲೆ ಹಿಂದಕ್ಕೆ ಅಂದರು, ಕತ್ತು ಹಿಂದಕ್ಕೆ ಹೋದದ್ದೇ ನಾನು ಚಪ್ಪರದ ಕೆಳಗೆ, ನೆರಳು, ಎಲೆಯ ವಾಸನೆ, ಹಿಂದೆ ಹೆಣ್ಣಾಳುಗಳ ಮಾತು, ಕೈ ಗೊನೆ ಹುಡುಕುತ್ತಾ ಹೋಯಿತು, ಎಷ್ಟು ಮೇಲೆ ಹೋಯಿತೋ ನಾನು ನೋಡಲಿಲ್ಲ, ಬೆರಳು ತಮ್ಮಷ್ಟಕ್ಕೆ ತಾವು ಗಾಳಿಯಲ್ಲಿ ಮಣಿ ಚಿವುಟತೊಡಗಿದವು, ಚಿವುಟಿ ಬಿಡು, ಚಿವುಟಿ ಬಿಡು, ಎಷ್ಟು ಹೊತ್ತೋ, ಕಣ್ಣು ಬಿಟ್ಟರೆ ಪಕ್ಕದ ಪುಣೆಯ ಹೆಂಗಸು ನನ್ನನ್ನೇ ನೋಡುತ್ತಾ ತಾನೂ ಚಿವುಟುತ್ತಿದ್ದಾಳೆ, ಅವಳನ್ನು ನೋಡಿ ಅವಳ ಗಂಡ, ಅವನ ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಹುಡುಗಿ, ಒಂದು ಸಾಲಿಗೆ ಸಾಲೇ ಕಾಶಿಯ ಗಾಳಿಯಲ್ಲಿ ದ್ರಾಕ್ಷಿ ಬಿಡಿಸುತ್ತಿದೆ. ಮಾವಶಿ, ಹೀ ಕುಠಲೀ ಮುದ್ರಾ, ಕೇಳಿದಳು, ಇದು ಯಾವ ಮುದ್ರೆ ಅಂತ, ಮುದ್ರಾ ನಾಹೀ ಗಂ ಬಾಯೀ, ದ್ರಾಕ್ಷಂ ಆಹೇತ, ಮುದ್ರೆಯಲ್ಲವ್ವಾ, ದ್ರಾಕ್ಷಿ, ಅಂದೆ, ಅನ್ನುವಾಗ ಗೊತ್ತಾಯಿತು ನನ್ನ ಮೊಣಕೈ ಕಿವಿಯ ಪಕ್ಕದಲ್ಲಿದೆ. ದೀಪಾಲಿ ಅತ್ತಳು, ನಾನು ಅಳಲಿಲ್ಲ, ನನಗೆ ಕೈ ಇಳಿಸಲು ಭಯ, ಇಳಿಸಿದರೆ ಮತ್ತೆ ಏಳದಿದ್ದರೆ ಅಂತ, ಹಾಗೇ ಎತ್ತಿಕೊಂಡು ನಿಂತಿದ್ದೆ, ದೋಣಿಯವನೊಬ್ಬ ತನ್ನನ್ನೇ ಕರೆದೆನೆಂದು ತಿಳಿದು ದೋಣಿ ತಿರುಗಿಸಿಕೊಂಡು ಬಂದ.

ಇವತ್ತೂ ಎದ್ದಿತು, ಮೂರು ಸಲ. ಈಗ ಧನ್ಯವಾದದ ಹೊತ್ತು, ಇದು ಕೊನೆಗೆ ಇದ್ದೇ ಇರುತ್ತದೆ, ನಿಮಗೆ ಒಳ್ಳೆಯದು ಮಾಡಿದ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ, ಮನಸ್ಸಿನಲ್ಲೇ ಕೈಮುಗಿಯಿರಿ ಅನ್ನುತ್ತಾರೆ ಮೇಡಂ, ಹಿಂದಿಯಲ್ಲಿ, ನಿಧಾನಕ್ಕೆ. ಮೊದಲ ದಿನ ವಿಶ್ವನಾಥನನ್ನು ತಂದುಕೊಂಡೆ, ಎರಡನೆಯ ದಿನ ದೀಪಾಲಿಯನ್ನು, ಆಮೇಲೆ ಡಾಕ್ಟರನ್ನು, ನಿನ್ನೆ ಆ ಪುಣೆಯವಳನ್ನು, ಇವತ್ತು ಯಾರನ್ನೂ ಕರೆಯುವ ಮೊದಲೇ ಅವಳೇ ಬಂದು ನಿಂತಿದ್ದಾಳೆ, ಹಿತ್ತಲ ಬಾಗಿಲಲ್ಲಿ, ಹಲ್ಲಿನ ನಡುವೆ ಹಣಿಗೆ ಕಚ್ಚಿಕೊಂಡು, ಶಿವಗಂಗವ್ವ, ನನ್ನ ಮೈದುನ ದುಂಡೇಶನ ಹೆಂಡತಿ, ನನ್ನ ನೆಗೆಣ್ಣಿ. ಮೂರು ವರ್ಷದ ಹಿಂದೆ ಅಣ್ಣ ತಮ್ಮ ಪಾಲಾದಾಗ ಬಾವಿಯ ಪಾಳಿಗಾಗಿ ಜಗಳ, ಮೋಟಾರು ಯಾರು ಮೊದಲು ಚಾಲೂ ಮಾಡುವುದು ಅಂತ, ಗಂಡಸರು ಮರುದಿನ ಒಂದೇ ಬೈಕಿನಲ್ಲಿ ರಾಯಬಾಗಕ್ಕೆ ಹೋಗಿ ಬಂದರು, ನಾನು ಮಾತ್ರ ಅಂಗಳದ ನಡುವೆ ನಿಂತು ಅಂದೇ ಬಿಟ್ಟಿದ್ದೆ, ನಿನ್ನ ನೆಳ್ಳ ಸೈತ ನನ್ನ ಮನಿಗೆ ಬೀಳಬಾರದು, ಮಕ್ಕಳಿಲ್ಲದಾಕಿಗೆ ನೀರರ ಯಾಕ ಬೇಕ — ಅಂದೆ, ನಾನೇ ಅಂದೆ, ಈ ಬಾಯಿಂದಲೇ. ಅವತ್ತಿನಿಂದ ಇಬ್ಬರಿಗೂ ಮಾತೇ ಇಲ್ಲ, ಒಂದೇ ನಲ್ಲಿ, ಒಂದೇ ದಾರಿ, ಮಾತಿಲ್ಲ.

ಕೈ ನಿಂತ ಮೇಲೆ ನನಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ, ದೀಪಾಲಿ ಇರುವುದು ಚಿಕ್ಕೋಡಿಯಲ್ಲಿ, ಮನೆಯಲ್ಲಿ ಇನ್ನೊಂದು ಹೆಣ್ಣಿಲ್ಲ, ಬಾಬಾಸಾಹೇಬ ಒಮ್ಮೆ ಪ್ರಯತ್ನಪಟ್ಟ, ಪಾಪ, ಮನಸ್ಸಿನಿಂದಲೇ ಮಾಡಿದ, ಎತ್ತಿನ ಹಗ್ಗ ಹೊಸೆದ ಹಾಗೆ ಹೊಸೆದಿಟ್ಟ, ಐದಾರು ದಿನ ಸೆರಗು ಮುಚ್ಚಿಕೊಂಡೇ ತಿರುಗಿದೆ, ನಲ್ಲಿಯ ಹತ್ತಿರ ಸೆರಗು ಜಾರಿತು, ಅವಳು ನೋಡಿದಳು. ಮರುದಿನ ಹಾಲು ಹಿಂಡುವ ಮೊದಲೇ ಹಿತ್ತಲ ಬಾಗಿಲು ಸರಿಯಿತು, ಕೈಯಲ್ಲಿ ಕೊಬ್ಬರಿ ಎಣ್ಣೆ, ಹಲ್ಲಿನ ನಡುವೆ ಹಣಿಗೆ, ಕಣ್ಣಿನಿಂದಲೇ ಕೂಡು ಅಂದಳು, ಕೂತೆ. ಜಡೆ ಹಾಕುವಷ್ಟು ಹೊತ್ತೂ ಹಣಿಗೆ ಬಾಯಲ್ಲೇ, ಎರಡೂ ಕೈಗೆ ಕೆಲಸವಿದೆ, ಬಾಯಿಗೆ ಹಣಿಗೆಯಿದೆ, ಹಾಗಾಗಿ ಮಾತಾಡಬೇಕಿಲ್ಲ, ಎಷ್ಟು ಜಾಣೆ, ನನ್ನನ್ನೂ ಉಳಿಸಿದಳು, ತನ್ನನ್ನೂ ಉಳಿಸಿಕೊಂಡಳು. ಹತ್ತು ತಿಂಗಳು ಒಂದು ದಿನ ತಪ್ಪಲಿಲ್ಲ, ಮಳೆಗೆ ತಪ್ಪಲಿಲ್ಲ, ತನಗೇ ಜ್ವರ ಬಂದಾಗ ತಪ್ಪಲಿಲ್ಲ, ಅವತ್ತು ನನ್ನ ಕತ್ತಿಗೆ ತಾಗಿದ ಬೆರಳು ಕಾದಿದ್ದವು, ಹೇಳಬೇಕೆಂದುಕೊಂಡೆ, ಮಲಕೋ ಹೋಗು ಅಂತಾದರೂ, ಹೇಳಲಿಲ್ಲ. ಎಷ್ಟು ಋಣ ಮಾಡಿಕೊಂಡೆ ನಾನು ಬಾಯಿ ಮುಚ್ಚಿಕೊಂಡೇ. ಗಂಗಾಮಾಯಿ, ಅವಳಿಗೆ ಒಳ್ಳೆಯದಾಗಲಿ, ಅವಳ ಬೆರಳಿಗೆ ಒಳ್ಳೆಯದಾಗಲಿ, ಕೈಮುಗಿಯುತ್ತೇನೆ, ಎರಡೂ ಕೈ ತಲೆಯ ಮೇಲೆ, ಎದ್ದಿತು ನೋಡು ನಾಲ್ಕನೆಯ ಸಲ — ಎದ್ದಿತು, ಅಯ್ಯೋ, ಎದ್ದ ಕೈಗೆ ತಲೆ ಬಾಚಲು ಬರುತ್ತದೆ, ನಾಳಿದ್ದು ಊರಿಗೆ ಹೋದರೆ ನಾನೇ ಬಾಚಿಕೊಳ್ಳುತ್ತೇನೆ, ಅವಳು ಯಾಕೆ ಬರಬೇಕು, ಹಿತ್ತಲ ಬಾಗಿಲು ಯಾಕೆ ಸರಿಯಬೇಕು, ವಿಶ್ವನಾಥಾ, ಕೈ ಕೊಟ್ಟು ಅವಳನ್ನು ಕಿತ್ತುಕೊಂಡೆಯಲ್ಲೋ, ಹಲ್ಲಿನ ನಡುವೆ ಹಣಿಗೆ, ಹತ್ತು ತಿಂಗಳು ಮುಖ ಕೊಟ್ಟು ನೋಡದೆ ನನ್ನ ಬೆನ್ನಿಗೆ ನಿಂತವಳು.

ಅವ್ವಾ, ಮುಗೀತಬೇ, ಕಣ್ಣ ತಗೀ, ದೀಪಾಲಿ ಹೆಗಲು ಅಲುಗಿಸುತ್ತಿದ್ದಾಳೆ, ಫೋನು ಚಾಚಿದ್ದಾಳೆ, ಚಿಗವ್ವ ಅದಾಳ ನೋಡು, ದಿನಾ ಕೇಳತಾಳ ನಿನ್ನ ಕೈ ಎಷ್ಟ್ ಎದ್ದತಿ ಅಂತ, ನಿನಗ ಹೇಳಬ್ಯಾಡ ಅಂದಿದ್ಲು — ದಿನಾ ಕೇಳುತ್ತಿದ್ದಳೇ ಶಿವಗಂಗವ್ವ, ನನಗೆ ತಿಳಿಯದಂತೆ, ಫೋನಿನಲ್ಲಿ ಅವಳ ಅಂಗಳ, ಬಿಸಿಲು ಇನ್ನೂ ಬಿದ್ದಿಲ್ಲ, ತನ್ನ ತಲೆಯನ್ನೇ ಬಿಚ್ಚಿಕೊಂಡು ಕೂತಿದ್ದಾಳೆ, ಕೂದಲು ಇಷ್ಟು ಬೆಳ್ಳಗಾಗಿದ್ದು ಯಾವಾಗ, ನಾನು ಅವಳನ್ನು ಎದುರಿನಿಂದ ಸರಿಯಾಗಿ ನೋಡಿಯೇ ಇಲ್ಲ. ಎತ್ತಿ ತೋರ್ಸ್ಬೇ, ಅನ್ನುತ್ತಾಳೆ ಮಗಳು, ಎತ್ತುತ್ತೇನೆ, ಕಿವಿ ದಾಟುತ್ತದೆ. ಚಲೋ ಆತ ತಗೀ ಅಕ್ಕಾ — ಅಕ್ಕಾ ಅಂದಳು, ಮೂರು ವರ್ಷದ ಮೇಲೆ — ಇನ್ ನಿನ್ನ ತಲಿ ನೀನ ಹಿಕ್ಕೋತಿ, ನಾ ಬರೂದ ಬ್ಯಾಡ, ಅಂದಳು, ನಕ್ಕೇ ಅಂದಳು, ಮತ್ತೆ ಹಣಿಗೆಯನ್ನು ಹಲ್ಲಿಗೆ ಕೊಟ್ಟು ಜಡೆಗೆ ಕೈ ಹಾಕಿದಳು. ಈಗ ಹೇಳು, ಸುಂದರಾ, ಈಗ ಹೇಳದಿದ್ದರೆ ಯಾವಾಗ ಹೇಳುತ್ತೀ, ಹೇಳಿಬಿಡು — ಶಿವಗಂಗಾ, ಅವತ್ತ ನಾ ಅಂದದ್ದ ತಪ್ಪಾತವಾ, ನೀರಿಂದೂ, ಮಕ್ಕಳದೂ, ಮನುಷ್ಯಾರ ಅನ್ನೂ ಮಾತಲ್ಲ ಅದು, ನೀ ಬಾ, ದಿನಾ ಬಾ, ಇನ್ನ ನಿನ್ನ ತಲಿ ನಾ ಹಿಕ್ಕತೇನಿ — ಅಂದೆ, ಇಡೀ ಘಾಟಿಗೆ ಕೇಳುವ ಹಾಗೆ ಅಂದೆ. ಅವಳ ಕೈ ಜಡೆ ಬಿಟ್ಟಿತು, ಬಾಯಿಯ ಹತ್ತಿರ ಬಂತು, ಹಣಿಗೆಯನ್ನು ಹಿಡಿಯಿತು, ಏನು ಹೇಳುತ್ತಾಳೆ, ಏನು — ರೇಂಜ್ ಹೋತಬೇ ಅವ್ವಾ, ಚಿತ್ರ ನಿಂತತಿ, ತಡಿ, ಬರತೈತಿ, ತಡಿ — ಹಲ್ಲಿನ ನಡುವೆ ಹಣಿಗೆ, ಹಣಿಗೆಯ ಮೇಲೆ ಅವಳ ಬೆರಳು, ಇನ್ನೇನು ತೆಗೆಯಬೇಕು, ದೋಣಿಗಳು ಹೋಗುತ್ತಿವೆ, ಅವಳು ಹಾಗೇ ನಿಂತುಹೋಗಿದ್ದಾಳೆ, ಹಣಿಗೆಯ ಮೇಲೆ ಬೆರಳು, ಹಲ್ಲಿನ ನಡುವೆ ಹಣಿಗೆ