ಎಲುಬಿಲ್ಲದ ಪಾಲು

"ಎಲುಬು ಯಾರಿಗೂ ಬ್ಯಾಡ," ಅಂದುಬಿಟ್ಟ ಹುಲಿಗೆಪ್ಪ.

ಅಂದಮೇಲೆ ಅವನಿಗೇ ದಿಗಿಲಾಯಿತು. ಕೈಯಲ್ಲಿ ಕತ್ತಿ. ಮುಂದೆ ಕೊರಡಿನ ಮೇಲೆ ಚರ್ಮ ಸುಲಿದ ಕುರಿ. ಸುತ್ತ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತ ಮನೆತನದ ಮಂದಿ ಅವನ ಕೈಯನ್ನೇ ನೋಡುತ್ತಿದ್ದರು. ಯಾಕೆ ಅಂತ ಒಬ್ಬರಾದರೂ ಕೇಳಿದ್ದರೆ ಅವನು ತಡವರಿಸುತ್ತಿದ್ದ, ತಡವರಿಸಿದ್ದರೆ ನಿಜ ಬಾಯಿಗೆ ಬರುತ್ತಿತ್ತು. ಯಾರೂ ಕೇಳಲಿಲ್ಲ. ಯಲಬುರ್ಗಾ ಕಚೇರಿಯ ಅಹಲ್ಕಾರನನ್ನು, ಸರಕಾರಿ ಗುಮಾಸ್ತನನ್ನು, ಯಾಕೆ ಅಂತ ಕೇಳುವ ರೂಢಿ ಪಕ್ಕದ ಮಂಗಳೂರೆಂಬ ಈ ಹಳ್ಳಿಯಲ್ಲಿ ಇರಲಿಲ್ಲ. ಆ ಅಹಲ್ಕಾರ ಇದೇ ಅಂಗಳದಲ್ಲಿ ಅಂಬೆಗಾಲಿಟ್ಟವನಾದರೂ ಸರಿಯೆ.

ನಿಜ ಇಷ್ಟೇ. ಯಾವ ತುಂಡು ಯಾರಿಗೆ ಸೇರಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ವರ್ಷಕ್ಕೊಮ್ಮೆ ದುರಗವ್ವನ ಹೆಸರಿನಲ್ಲಿ ಮನೆತನದ ಕುರಿ ಬೀಳುತ್ತದೆ. ಹಿರಿಯನಾದವನು ಕತ್ತಿ ಹಿಡಿದು, ಒಬ್ಬೊಬ್ಬರ ಹೆಸರು ಕೂಗಿ, ಅವರವರ ಪಾಲನ್ನು ಅವರವರ ಎಲೆಗೆ ಹಾಕಬೇಕು. ಮುಂಗಾಲು ಒಬ್ಬರಿಗೆ, ಎದೆಯ ಎಲುಬು ಒಬ್ಬರಿಗೆ, ಕತ್ತು ಇನ್ನೊಬ್ಬರಿಗೆ. ಮಾಂಸ ಹೆಚ್ಚೋ ಕಡಿಮೆಯೋ ಅಂತ ಯಾರೂ ನೋಡುವುದಿಲ್ಲ, ಯಾವ ಎಲುಬು ಬಂತು ಅಂತ ನೋಡುತ್ತಾರೆ. ಎಲುಬು ತಪ್ಪಿದರೆ ಆ ಮನೆಯನ್ನು ಮನೆತನದಿಂದ ಹೊರಗೆ ಹಾಕಿದಂತೆ. ಹಿಂದೊಮ್ಮೆ ಹಾಗೆ ತಪ್ಪಿ ಎರಡು ಮನೆಯವರು ಒಂದು ತಲೆಮಾರು ಒಬ್ಬರ ಮದುವೆಗೊಬ್ಬರು ಹೋಗಿರಲಿಲ್ಲ. ಇಷ್ಟು ವರ್ಷ ಈ ಕೆಲಸ ಅಪ್ಪ ಮುದಿಯಪ್ಪನದಾಗಿತ್ತು. ಈಗ ಅಪ್ಪನ ಕೈ ನಡುಗುತ್ತದೆ. ಕತ್ತಿ ಹಿರಿಮಗನಿಗೆ ಬಂದಿತ್ತು.

ಹಿರಿಮಗ ಸಣ್ಣವನಿದ್ದಾಗಲೇ ಕೊಪ್ಪಳದ ಶಾಲೆಗೆ ಹೋದವನು. ಅಲ್ಲಿಂದ ಗುಲ್ಬರ್ಗಾ, ಅಲ್ಲಿಂದ ಹೈದರಾಬಾದು. ಕುರಿ ಬೀಳುವ ದಿನಗಳಲ್ಲೆಲ್ಲ ಅವನಿಗೆ ಪರೀಕ್ಷೆ ಇರುತ್ತಿತ್ತು. ಇಲ್ಲದಿದ್ದರೂ ಇದೆ ಅನ್ನುತ್ತಿದ್ದ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಿನಿಂದ ನೆನಪು ಮಾಡಿಕೊಳ್ಳಲು ಹೆಣಗಿದ್ದ. ಮಹಾಯುದ್ಧ ಶುರುವಾದಮೇಲೆ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಅದು. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಸಣ್ಣಪ್ಪ ಕಾಕಾನಿಗೆ ಮುಂಗಾಲೋ ಹಿಂಗಾಲೋ ಅಂತ ಯೋಚಿಸುತ್ತಲೇ ನೂಕಿದ್ದ. ತಮ್ಮ ಓಬಳೆಪ್ಪನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನೌಕರಿಯವನು ಕೇಳುವುದು ಹೇಗೆ ಅಂತ ಕೇಳಿರಲಿಲ್ಲ. ಹೆಂಡತಿ ಗಾಳೆಮ್ಮ ತಲೆನೋವೆಂದು ಯಲಬುರ್ಗಾದಲ್ಲೇ ಉಳಿದಿದ್ದಳು. ಊರಿನ ಹೆಸರು ತೆಗೆದಾಗ ಮಾತ್ರ ಬರುವ ತಲೆನೋವು ಅದು.

ಕೂತವರು ಕಾಯುತ್ತಿದ್ದರು. ಆಗ ಅವನಿಗೆ ಮದಾರಸಾಬ ನೆನಪಾದ.

ಹೈದರಾಬಾದಿನಲ್ಲಿ ಅವನ ಪಕ್ಕದ ಖೋಲಿಯಲ್ಲಿದ್ದ ಮದಾರಸಾಬ ಸಿಕಂದರಾಬಾದಿನಲ್ಲಿ ಬಿಳಿಯರ ಗೋರಾ ದಂಡಿನ ಅಡಿಗೆಯವನು. ರಜೆಯ ದಿನ ಕುರಿಮಾಂಸ ಕೊಚ್ಚಿ, ಇಟ್ಟಂಗಿಯ ಹಾಗೆ ಕಟ್ಟಿ, ಹೊಗೆಯಲ್ಲಿ ಬೇಯಿಸಿ ತರುತ್ತಿದ್ದ. ಖೀಮಾದ ಡಬಲ್‌ರೊಟ್ಟಿ ಅನ್ನುತ್ತಿದ್ದ. ಕೊಯ್ದರೆ ಹೋಳುಗಳೆಲ್ಲ ಒಂದೇ ಅಳತೆ. ಯಾವ ಹೋಳು ಕುರಿಯ ಯಾವ ಕಡೆಯದು ಅಂತ ಆ ಕುರಿಯೇ ಎದ್ದು ಬಂದರೂ ಹೇಳಲಾರದು.

"ಅಪ್ಪಗ ಹಲ್ಲಿಲ್ಲ," ಅಂದ ಹುಲಿಗೆಪ್ಪ. "ಕೊಚ್ಚಿ ಮಾಡಿದ್ರ ಅಂವನೂ ತಿಂತಾನ. ಎಲ್ಲಾರಿಗೂ ಸಮ ಹೋಳು. ದೊಡ್ಡ ದೊಡ್ಡ ಊರಾಗ ಈಗ ಹಿಂಗ ಮಾಡ್ತಾರ."

ಆ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಅದೇ ಅವನಿಗೆ ಬೇಸರ ತಂದಿತು.

ಎಲ್ಲರೂ ಮುದಿಯಪ್ಪನ ಕಡೆ ತಿರುಗಿದರು. ಮುದುಕ ಬೋಳು ದವಡೆ ಆಡಿಸಿದ. "ನಿನಗ ತಿಳದಂಗ ಮಾಡಪಾ. ಕತ್ತಿ ನಿನ್ನ ಕೈಯಾಗ ಐತಿ."

ಎಲುಬು ಬಿಡಿಸಲು ಓಬಳೆಪ್ಪ ಕೂತ. ಅಣ್ಣನಿಗೆ ನೌಕರಿ ಆದಾಗಿನಿಂದ ಅವನು ಮಾತಿಗೊಂದು 'ರಿ' ಹಚ್ಚುತ್ತಿದ್ದ. ಹಚ್ಚಬೇಡ ಅಂತ ಹೇಳಬೇಕೆಂದು ಹುಲಿಗೆಪ್ಪ ಪ್ರತಿ ಸಲ ಅಂದುಕೊಂಡು ಬರುತ್ತಿದ್ದ, ಹೇಳದೆ ಹೋಗುತ್ತಿದ್ದ. ಬಿಡಿಸಿದ ಎಲುಬು ಬುಟ್ಟಿಗೆ ಬಿದ್ದವು. ಓಬಳೆಪ್ಪನ ಹೆಂಡತಿ ಕಳಕಮ್ಮ ಬುಟ್ಟಿ ಎತ್ತಿಕೊಂಡಳು. ನಾಯಿ ಎಳೆಯುತ್ತವೆ, ಹಿತ್ತಲಿನಲ್ಲಿ ಇಡುತ್ತೇನೆ ಅಂದಳು. ಹುಲಿಗೆಪ್ಪ ಹೂಂ ಅಂದ.

ಎರಡು ಕತ್ತಿ ಹಿಡಿದು ಕೊಚ್ಚತೊಡಗಿದ. ಮೊದಮೊದಲು ಕೈ ಸೋತಿತು, ಆಮೇಲೆ ಹದ ಸಿಕ್ಕಿತು. ತೊಡೆ ಯಾವುದು, ಬೆನ್ನು ಯಾವುದು ಅನ್ನುವುದು ಕಣ್ಣೆದುರೇ ಇಲ್ಲದಂತಾಯಿತು. ಅವನ ಎದೆಯ ಭಾರ ಇಳಿದದ್ದು ನಿಜ. ಇನ್ನು ಯಾರೂ ತನ್ನನ್ನು ಹಿಡಿಯಲಾರರು.

ಪಕ್ಕದಲ್ಲಿ ಒಂದು ಎಲೆಯ ಮೇಲೆ ಕುರಿಯ ಯಕೃತ್ತು, ಕಲೇಜಿ, ಬೇರೆಯಾಗಿ ಕೂತಿತ್ತು, ಮೆತ್ತಗೆ, ಕಪ್ಪಗೆ ಹೊಳೆಯುತ್ತ. ಕಲೇಜಿ ಬೆರೆಸಿದರೆ ಡಬಲ್‌ರೊಟ್ಟಿ ಬಿರಿಯುವುದಿಲ್ಲ ಅಂತ ಮದಾರಸಾಬ ಹೇಳುತ್ತಿದ್ದ. ಹುಲಿಗೆಪ್ಪ ಅದನ್ನೆತ್ತಿ ಕೊರಡಿನ ಮೇಲೆ ಹಾಕಿದ. ಓಬಳೆಪ್ಪ ಅರ್ಧ ಎದ್ದವನು ಮತ್ತೆ ಕೂತ. ಸೋದರತ್ತೆ ಫಕೀರಮ್ಮ ಸೆರಗು ಬಾಯಿಗೆ ಹಿಡಿದಳು. ಅಪ್ಪ ಬೇವಿನ ಗಿಡದ ಕಡೆ ಮುಖ ತಿರುಗಿಸಿದ. ಹುಲಿಗೆಪ್ಪ ಎಲ್ಲ ನೋಡಿದ. ಹಳ್ಳಿ ಮಂದಿ, ಹೊಸದು ಕಂಡರೆ ಹೇಸುತ್ತಾರೆ ಅಂದುಕೊಂಡು ಕತ್ತಿ ಎತ್ತಿದ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ. ತತ್ತಿ ಒಡೆದ. ಗೋರಾ ಮಂದಿಯ ರೊಟ್ಟಿ ಇಲ್ಲಿ ಎಲ್ಲಿಂದ ಬರಬೇಕು, ಅದರ ಬದಲು ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿದ. ದೀಪದ ಗ್ಯಾಸೆಣ್ಣೆಯ ಹಳೆ ಡಬ್ಬಿಯ ಬಾಯಿ ಕೊಯ್ಯಿಸಿ, ವಾಸನೆ ಹೋಗುವ ತನಕ ಬೆಂಕಿಯಲ್ಲಿ ಸುಟ್ಟು, ಬುಡಕ್ಕೆ ತೂತು ಹೊಡೆಸಿ, ನಡುವೆ ಬಂಡಿಯ ಸರಳು ಅಡ್ಡ ಇಡಿಸಿದ. ಕೆಳಗೆ ಜಾಲಿ ಕೆಂಡ. ಕೆಂಡದ ಮೇಲೆ ನೀರಲ್ಲಿ ನೆನೆಸಿದ ಶೇಂಗಾ ಸಿಪ್ಪೆ. ಹೊಗೆ ದಟ್ಟವಾಗಿ ಎದ್ದಾಗ ಮಾಂಸದ ಇಟ್ಟಂಗಿಯನ್ನು ಮುತ್ತಲ ಎಲೆಯ ಮೇಲೆ ಒಳಗಿಟ್ಟು, ಕಬ್ಬಿಣದ ಬುಟ್ಟಿ ಬೋರಲು ಮುಚ್ಚಿದ.

ಇನ್ನು ಕಾಯುವುದು. ಕಾಯುವುದೇ ಕಷ್ಟದ ಕೆಲಸ, ಯಾಕೆಂದರೆ ಮಾತಾಡಬೇಕಾಗುತ್ತದೆ.

ಸಣ್ಣಪ್ಪ ಕಾಕಾ ಬಸ್ಸಿನ ವಿಚಾರ ಕೇಳಿದ. ಆಮೇಲೆ ಗಂಗಾವತಿಯಲ್ಲಿ ಅಕ್ಕಿಯ ಧಾರಣಿ ಏನಂತೆ ಅಂತ ಕೇಳಿದ. ಸುತ್ತಿ ಬಳಸಿ ಕೊನೆಗೆ ಬರಬೇಕಾದಲ್ಲಿಗೆ ಬಂದ: ಸರಕಾರದವರು ರೈತರಿಂದ ಎತ್ತುವ ಲೆವಿ ಜೋಳದಲ್ಲಿ ಈ ವರ್ಷ ಸ್ವಲ್ಪ ಬಿಡಬಹುದೇನ್ರಿ? ಮೇಲಿನವರು ನೋಡುತ್ತಾರೆ ಅಂದ ಹುಲಿಗೆಪ್ಪ. ಕಚೇರಿಯಲ್ಲಿ ದಿನಾ ಹೇಳುವ ಮಾತು ಅದು. ಹೊಗೆಯ ಮುಂದೆ ಕೂತು, ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಕಾಕಾನಿಗೆ ಅದನ್ನೇ ಹೇಳಿದ್ದು ಅವನ ಕಿವಿಗೇ ಅಸಹ್ಯವಾಗಿ ಕೇಳಿತು. ಕಾಕಾ ಮಾತ್ರ ಉತ್ತರ ಸಿಕ್ಕವನಂತೆ ತಲೆಯಾಡಿಸಿದ.

ಅಪ್ಪ ಬಂದು ಡಬ್ಬಿಯ ಹತ್ತಿರ ಕೂತ. ಇಬ್ಬರೂ ಹೊಗೆ ನೋಡಿದರು. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದು ಚುರ್ ಅನ್ನುತ್ತಿತ್ತು. ಅಪ್ಪನಿಗೆ ಎಲ್ಲ ಹೇಳಿಬಿಡಲೇ ಅನ್ನಿಸಿತು ಅವನಿಗೆ. ಅಪ್ಪಾ, ನನಗ ಏನೂ ಗೊತ್ತಿಲ್ಲ, ಹೇಳಿಕೊಡು. ಐದಾರು ಮಾತು. ಕಣ್ಣಲ್ಲಿ ನೀರು ಬಂತು. ಹೊಗೆ ಅಂದ. ಹೌದು, ಹೊಗೆ ಭಾಳ ಐತಿ ಅಂದ ಅಪ್ಪ.

ಹೊತ್ತು ವಾಲಿದಾಗ ಬುಟ್ಟಿ ಎತ್ತಿದ. ಸುಳ್ಳು ಯಾಕೆ ಹೇಳಬೇಕು, ಅದು ಚೆಂದ ಬಂದಿತ್ತು. ಮೇಲೆ ಕಪ್ಪುಗೆಂಪು ಹೊರಪದರ, ಎಲ್ಲೂ ಬಿರುಕಿಲ್ಲ, ಹೊಗೆಯ ಗಮ ಓಣಿಯ ತನಕ. ಇಟ್ಟಂಗಿ ಸುಡಾಕ ಹೈದರಾಬಾದಿಗೆ ಹೋಗಿದ್ದನೇನು ನಮ್ಮ ಹುಡುಗ ಅಂತ ಫಕೀರಮ್ಮ ನಗೆ ಹಾರಿಸಿದಳು. ಎಲ್ಲರೂ ನಕ್ಕರು. ಹುಲಿಗೆಪ್ಪನೂ ನಕ್ಕ. ನಮ್ಮ ಹುಡುಗ ಅಂದದ್ದು ಅವನ ಒಳಗೆ ಬಿಸಿಯಾಗಿ ಇಳಿಯಿತು. ಆದರೆ ಅಹಲ್ಕಾರನನ್ನು ಹುಡುಗ ಅಂದೆನಲ್ಲ ಅಂತ ಅತ್ತೆ ತಾನೇ ನಾಲಿಗೆ ಕಚ್ಚಿಕೊಂಡಳು. ನಗೆ ನಿಂತುಹೋಯಿತು.

ಮೊದಲ ಹೋಳು ಅಪ್ಪನಿಗೆ. ಮುದುಕ ಒಂದು ತುತ್ತು ಒಸಡಿನಲ್ಲಿ ಒತ್ತಿ, ಹೊರಳಿಸಿ, ನುಂಗಿದ. ಹುಲಿಗೆಪ್ಪ ಅಪ್ಪನ ಗಂಟಲನ್ನೇ ನೋಡುತ್ತಿದ್ದ.

"ಮೆತ್ತಗ ಐತಿ," ಅಂದ ಮುದಿಯಪ್ಪ. ಆಮೇಲೆ ಎಲೆಯ ಮೇಲಿನ ಹೋಳನ್ನು ಬೆರಳಿನಿಂದ ತಿರುವಿ ನೋಡಿದ. "ಇದು ಯಾರ ಪಾಲಪಾ?"

"ಎಲ್ಲಾರದೂ."

"ಎಲ್ಲಾರದು ಅಂದ್ರ ಯಾರದು?"

ಹುಲಿಗೆಪ್ಪ ನಗಲು ನೋಡಿದ. ಅಪ್ಪ ಕಾಯಲಿಲ್ಲ, ಎಲೆ ಮಡಚಿದ.

ಉಳಿದವರಿಗೆ ಹೋಳು ಕೊಟ್ಟ. ಯಾರ ಹೆಸರೂ ಕೂಗಬೇಕಾಗಿರಲಿಲ್ಲ. ಕೈ ಚಾಚಿದವರಿಗೆ ಒಂದು, ಅಷ್ಟೇ. ಭಾಳ ಛಲೋ ಆಗೈತ್ರಿ ಅಂದರು, ಮನೆಗೆ ಒಯ್ದು ತಿನ್ನುತ್ತೇವೆ ಅಂದರು. ಒಬ್ಬೊಬ್ಬರೇ ಎಲೆ ಮಡಚಿ ಎದ್ದರು. ಅಂಗಳ ಖಾಲಿಯಾಯಿತು. ಕತ್ತಿ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. ಮುಗಿಯಿತಲ್ಲ ಅಂದುಕೊಂಡ. ದಣಿವು ಮೈತುಂಬ ಇತ್ತು, ಆದರೆ ಗೆದ್ದ ದಣಿವು.

ಆಮೇಲೆ ಒಂದು ಸಣ್ಣ ವಿಚಾರ ಅವನನ್ನು ಕೊರೆಯತೊಡಗಿತು. ಇಷ್ಟು ಜನ ಎದ್ದು ಹೋದರು. ಒಬ್ಬರೂ ಮುಂಬಾಗಿಲಿನಿಂದ ಹೋಗಲಿಲ್ಲ.

ಕೈ ತೊಳೆಯುವ ನೆವದಲ್ಲಿ ಹಿತ್ತಲಿನ ಗೋಡೆಯ ತನಕ ಬಂದ. ಗೋಡೆಯಾಚೆ ಅಪ್ಪನ ದನಿ ಕೇಳಿತು. ಹಗಲೆಲ್ಲ ಕೇಳಿದ ದನಿಯಲ್ಲ, ಗಟ್ಟಿ ದನಿ.

"ಸಣ್ಣಪ್ಪ. ಬಲಮುಂಗಾಲು."

ಮಣ್ಣಿನ ಗೋಡೆ ಒಂದು ಕಡೆ ಕುಸಿದಿತ್ತು. ಅಲ್ಲಿಂದ ಕಂಡಿತು. ಕಳಕಮ್ಮ ಬುಟ್ಟಿಯಿಂದ ಎಲುಬು ಎತ್ತಿ ಕೊಡುತ್ತಿದ್ದಳು, ಅಪ್ಪ ನಡುಗುವ ಕೈಯಿಂದಲೇ ಎಲೆಗೆ ಹಾಕುತ್ತಿದ್ದ. ಬೋಳು ಎಲುಬುಗಳಲ್ಲ. ಓಬಳೆಪ್ಪ ಬಿಡಿಸುವಾಗಲೇ ಒಂದೊಂದಕ್ಕೂ ಒಂದಿಷ್ಟು ಮಾಂಸ ಉಳಿಸಿದ್ದ.

"ಫಕೀರಮ್ಮ. ಎದಿ ಎಲುಬು." ಅತ್ತೆ ಎಲೆಯನ್ನು ಕಣ್ಣಿಗೊತ್ತಿಕೊಂಡಳು.

ಹುಲಿಗೆಪ್ಪ ಗೋಡೆಗೆ ಒತ್ತಿ ನಿಂತ. ಈಗ ತನ್ನ ಹೆಸರು ಬರುತ್ತದೆ. ಬಂದೊಡನೆ ಗೋಡೆ ದಾಟಿ ಹೋಗಬೇಕು. ಏನನ್ನೂ ವಿವರಿಸದೆ ಕೈ ಒಡ್ಡಬೇಕು. ನಗುತ್ತಾರೆ, ನಗಲಿ. ಓಬಳೆಪ್ಪನ ಹೆಸರು ಬಂತು. ಸತ್ತವರ ಹೆಸರಿನಲ್ಲೂ ಒಂದು ತುಂಡು ಬಿತ್ತು. ಕಳಕಮ್ಮ ಪಕ್ಕೆಲುಬುಗಳನ್ನು ಬೇರೆ ಇಟ್ಟು ಬುಟ್ಟಿ ಕೊಡವಿದಳು.

"ಅಣ್ಣಂದು?" ಓಬಳೆಪ್ಪ ಕೇಳಿದ. ಅಲ್ಲಿ ಅವನು 'ರಿ' ಹಚ್ಚಲಿಲ್ಲ.

ಮುದಿಯಪ್ಪ ಖಾಲಿ ಬುಟ್ಟಿಯ ಕಡೆ ನೋಡಿದ.

"ಹಿರೇಮಗಂದು ಕಲೇಜಿ. ಅಪ್ಪ ಮಗ ಕೂಡಿ ಕೆಂಡದ ಮ್ಯಾಲ ಸುಟ್ಟು ತಿನ್ನೋದು. ನಮ್ಮಪ್ಪ ನನಗ ಕೊಟ್ಟಿದ್ದ, ನಾ ಅವಗಂತ ತಗದು ಇಟ್ಟಿದ್ನಿ. ಅವನೇ ಕೊಚ್ಚಿ ಹಾಕಿದ, ಅದರಾಗ ಕೂಡಿ ಹೋತು." ದನಿ ಇಳಿಯಿತು. "ಖಾಲಿ ಕೈಲೆ ಕಳಸಬಾರದು. ಪಕ್ಕೆಲುಬು ಉಳದಾವಲ್ಲ, ಅವನ್ನ ಕಟ್ಟು."

"ಅವು ಹೊರಗಿನ ಬೀಗರ ಪಾಲು ಅಲ್ಲೇನಪ್ಪಾ?"

"ಹೂಂ," ಅಂದ ಮುದಿಯಪ್ಪ. "ಬೀಗರ ಪಾಲೇ."

ಹುಲಿಗೆಪ್ಪ ಸದ್ದಾಗದಂತೆ ಹಿಂದೆ ಸರಿದ. ಅಂಗಳಕ್ಕೆ ಬಂದ. ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ, ಹಿತ್ತಲಿಗೆ ಹೋಗುವಾಗ ಕಾಣದಿದ್ದದ್ದು ಈಗ ಕಂಡಿತು. ಮಡಚಿದ ಎಲೆಗಳು ಸಾಲಾಗಿ ಇದ್ದವು. ಅವನು ಕೊಟ್ಟ ಹೋಳುಗಳು ಎಲ್ಲ ಅಲ್ಲಿದ್ದವು. ಯಾರೂ ಬಿಸಾಡಿರಲಿಲ್ಲ. ಮರ್ಯಾದಸ್ಥರು, ನೊಣ ಕೂರಬಾರದೆಂದು ಮೇಲೊಂದು ಬಟ್ಟೆ ಹೊದಿಸಿದ್ದರು. ಅಪ್ಪನ ಎಲೆಯಲ್ಲಿ ಒಂದು ತುತ್ತು ಮಾತ್ರ ಕಡಿಮೆ ಇತ್ತು.

ಓಬಳೆಪ್ಪ ಹಿತ್ತಲಿನಿಂದ ಬಂದು ಒಂದು ಗಂಟು ಕೈಗಿಟ್ಟ. ಕೆಡುವ ಮೊದಲು ಯಲಬುರ್ಗಾದ ಮನೆಯಲ್ಲಿ ವೈನಿಯವರಿಗೆ ಕೊಡಿರಿ ಅಂದ. ಬಸ್ಸು ಬರುವ ಹೊತ್ತಾಯಿತೆಂದ. ಗಂಟಿನಲ್ಲಿ ಏನಿದೆ ಅಂತ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಗಂಟು ತಣ್ಣಗಿತ್ತು. ಪಕ್ಕೆಲುಬಿನ ತುದಿಗಳು ಬಟ್ಟೆಯೊಳಗಿಂದ ಅಂಗೈಗೆ ಒತ್ತುತ್ತಿದ್ದವು.

"ಓಬಳೆಪ್ಪ," ಅಂದ.

"ಏನ್ರಿ?"

"ಏನಿಲ್ಲ."

ತಮ್ಮ ಒಳಗೆ ಹೋದ. ಹುಲಿಗೆಪ್ಪ ಗಂಟನ್ನು ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೂತು, ಮೊದಲ ಎಲೆ ಬಿಚ್ಚಿದ. ಹೋಳನ್ನು ಮುರಿದ. ಮುರಿದದ್ದನ್ನು ಮತ್ತೆ ಮುರಿದ. ಬೆಳಕಿಗೆ ಹಿಡಿದು ನೋಡಿದ. ಕಪ್ಪನೆಯ ಒಂದು ಚೂರು, ಮೆತ್ತನೆಯ ಒಂದು ಚೂರು ಎಲ್ಲಾದರೂ ಸಿಗಬಹುದು. ಎಲ್ಲ ಕಡೆ ಒಂದೇ ಬಣ್ಣ. ನಾಲಿಗೆಗೆ ಹಚ್ಚಿದ, ಬರೀ ಹೊಗೆ. ಎರಡನೆಯ ಎಲೆ ಬಿಚ್ಚಿದ.

ದೂರದ ಏರಿನಲ್ಲಿ ಇದ್ದಿಲಿನ ಬಸ್ಸು ಕೆಮ್ಮುತ್ತ ಬರುತ್ತಿತ್ತು. ಡಬ್ಬಿಯೊಳಗೆ ಯಾರೂ ಆರಿಸದ ಕೆಂಡ ಇನ್ನೂ ಹೊಗೆಯಾಡುತ್ತಿತ್ತು. ಹುಲಿಗೆಪ್ಪ ತಲೆ ಎತ್ತಲಿಲ್ಲ. ಉಗುರಿನಿಂದ ಚೂರು ಚೂರು ಬಿಡಿಸಿ, ಒಂದೊಂದನ್ನೇ ಕಟ್ಟೆಯ ಮೇಲೆ ಇಡುತ್ತ, ಮೂರನೆಯ ಎಲೆಗೆ ಕೈ ಹಾಕಿದ.