ಬಲಗಿವಿಯಲ್ಲಿದ್ದ ಹೆಂಗಸು

ನಮ್ಮ ಗುಂಪಿನ ಹೆಸರು ‘ಕ್ಯಾಸೆಟ್ ಕಿರುಕುಳ’. ಟೆಲಿಗ್ರಾಂನಲ್ಲಿ ಮುನ್ನೂರು ಚಿಲ್ಲರೆ ಜನ ಇದ್ದೇವೆ, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹಳೆಯ ಕನ್ನಡ ಸಿನಿಮಾ ಹಾಡುಗಳು, ಅದರಲ್ಲೂ ಯಾರೂ ಕೇಳದೆ ಮೂಲೆಗೆ ಬಿದ್ದ ಹಾಡುಗಳು ನಮ್ಮ ಹುಚ್ಚು. ಹಿಟ್ ಆದ ಹಾಡನ್ನು ಯಾರಾದರೂ ಹಾಕಿದರೆ ಅವರಿಗೆ ವಾರವೆಲ್ಲ ಉಗಿತ. ಶುಕ್ರವಾರ ಮಾತ್ರ ಹಾಡಿನ ಚರ್ಚೆಗೆ ರಜೆ. ಅವತ್ತು ಅವರವರ ವಿಚಿತ್ರ ಅಭ್ಯಾಸಗಳನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳಬೇಕು.

ಮಾರತ್ತಹಳ್ಳಿಯ ಪಿಜಿಯಲ್ಲಿರುವ ಮೇಘಾ ಯುಗಳಗೀತೆ ಇಲ್ಲದೆ ಪಾತ್ರೆ ತೊಳೆಯುವುದಿಲ್ಲವಂತೆ. ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದು, ನಿವೃತ್ತಿಯಾದ ಮೇಲೆ ಇಲ್ಲಿ ಮಗಳ ಅಪಾರ್ಟ್‌ಮೆಂಟಿಗೆ ಬಂದಿರುವ ಶೇಖರಪ್ಪನವರು ಹಾಡು ಮುಗಿಯುವ ತನಕ ಕಾರಿನಿಂದ ಇಳಿಯುವುದಿಲ್ಲ. ಸೆಕ್ಯುರಿಟಿಯವನು ಬಂದು ಗಾಜು ತಟ್ಟಿದರೂ ಚರಣ ಮುಗಿಯಲಿ ಎಂದು ಕೈ ತೋರಿಸುತ್ತಾರಂತೆ. ನನ್ನ ಸರದಿ ಬಂದಾಗ ಇದ್ದದ್ದು ಇದ್ದ ಹಾಗೆ ಬರೆದೆ: ನಾನು ಯಾವ ಹಾಡನ್ನೂ ಒಂದೇ ಕಿವಿಯಲ್ಲಿ ಕೇಳುವವಳು, ಬಲಗಿವಿಯಲ್ಲಿ.

ಎಡಗಿವಿ ಅಜ್ಜಿಗೆ ಮೀಸಲು. ಹೆಬ್ಬಗೋಡಿಯಲ್ಲಿ ನಮ್ಮದು ಹಳೆಯ ಮನೆ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಕೋಣೆಗಳ ಸಾಲು. ನನ್ನ ಅಜ್ಜಿ ಅಂಜಿನಮ್ಮ ಆ ಸಾಲಿನ ಮಹಾರಾಣಿ. ಮೋಟರ್ ಹಾಕು, ಟ್ಯಾಂಕ್ ತುಂಬಿತಾ ನೋಡು, ಗೇಟಲ್ಲಿ ಯಾರು ಕೇಳು ಎಂದು ಅವಳು ಕೂಗಿದಾಗ ಮೊದಲ ಕೂಗಿಗೇ ಓಗೊಡಬೇಕು, ಇಲ್ಲದಿದ್ದರೆ ಅವತ್ತು ಮನೆ ರಣರಂಗ. ವೈಟ್‌ಫೀಲ್ಡಿನ ಸಿದ್ದಾರ್ಥ್ ‘ಮಂಜುಶ್ರೀ ಮೇಡಂ, ಅರ್ಧ ಹಾಡು ಕೇಳೋರಿಗೆ ಗುಂಪಲ್ಲಿ ಅರ್ಧ ಸೀಟು’ ಎಂದು ಬರೆದ. ಅವನಿಗೆ ಆಡಿಯೊ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಹಾಗಾಗಿ ಕಿವಿಯ ವಿಷಯದಲ್ಲಿ ಸ್ವಲ್ಪ ಕೊಬ್ಬು.

ಆ ಅರ್ಧ ಕಿವಿಗೇ ಅವಳು ಸಿಕ್ಕಿದ್ದು.

ಶೇಖರಪ್ಪನವರು ತಮ್ಮ ಕ್ಯಾಸೆಟ್ಟುಗಳ ಪೆಟ್ಟಿಗೆಯಿಂದ ಒಂದು ಉಯ್ಯಾಲೆ ಹಾಡನ್ನು ತೆಗೆದು ಗುಂಪಿಗೆ ಹಾಕಿದ್ದರು. ಸಿನಿಮಾ ಒಂದು ವಾರವೂ ಓಡಿರಲಿಲ್ಲ. ಹಾಡಿದವರು ಮಾತ್ರ ಆಗ ಎಲ್ಲರ ಬಾಯಲ್ಲಿದ್ದ ಗಾಯಕಿ. ಕಂಪನಿ ಬಸ್ಸು ಹೊಸೂರು ರಸ್ತೆಯಲ್ಲಿ ಎಂದಿನಂತೆ ನಿಂತುಬಿಟ್ಟಿತ್ತು. ನಾನು ಕೇಳುತ್ತಿದ್ದೆ. ವೀಣೆ, ತಬಲಾ ಎಲ್ಲ ಎಡಗಡೆಗೆ ಹೋಗಿ ಬಲಗಡೆ ಬಹುತೇಕ ಖಾಲಿ. ಆ ಖಾಲಿಯಲ್ಲಿ, ಗಾಯಕಿಯ ದನಿಯ ಅಡಿಯಲ್ಲಿ, ಇನ್ನೊಬ್ಬಳು ಹಾಡುತ್ತಿದ್ದಳು. ತೀರಾ ಸಣ್ಣಗೆ, ಆದರೆ ಗಾಯಕಿಗಿಂತ ಕೂದಲೆಳೆಯಷ್ಟು ಮುಂದೆ. ಅವಳು ಹಾಡಿದ್ದನ್ನು ಗಾಯಕಿ ಹಿಂದಿನಿಂದ ಹೇಳಿದ ಹಾಗಿತ್ತು.

‘ಬಲಗಿವಿ ಒಂದ್ರಲ್ಲೇ ಕೇಳಿ. ಒಳಗೆ ಯಾರೋ ಇದಾರೆ’ ಎಂದು ಗುಂಪಿಗೆ ಹಾಕಿದೆ.

ಸಂಜೆಯೊಳಗೆ ಮುನ್ನೂರು ಜನ ಒಂಟಿ ಕಿವಿಯವರಾದರು. ‘ಮೈ ಜುಂ ಅಂತು ಕಣ್ರೀ, ಇನ್ನು ಪಾತ್ರೆ ತೊಳ್ದಂಗೇ’ ಎಂದಳು ಮೇಘಾ. ಹಾಡಿನೊಳಗಿನವಳಿಗೆ ಬಲಗಿವಿಯಮ್ಮ ಎಂದು ಹೆಸರು ಬಿತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕಿವಿಯಲ್ಲಿ ಇಯರ್‌ಫೋನ್ ಇರುವ ಸ್ಟಿಕರ್ ಬಂತು. ಸ್ಟುಡಿಯೊದಲ್ಲಿ ನೇಣು ಹಾಕಿಕೊಂಡವಳು ಎಂದು ಒಬ್ಬ ಬರೆದ, ಪ್ರೇಮಭಂಗ ಎಂದು ಇನ್ನೊಬ್ಬ ಸೇರಿಸಿದ. ಕಂಡುಹಿಡಿದವಳು ನಾನಲ್ಲವೇ, ನಾನೂ ಜಂಬದಲ್ಲಿ ಮೆರೆದೆ.

ಮಾರನೆಯ ದಿನ ಬೆಳಿಗ್ಗೆ ಶೇಖರಪ್ಪನವರು ಎಲ್ಲರ ಮೇಲೆ ನೀರು ಹೊಯ್ದರು.

‘ದೆವ್ವನೂ ಅಲ್ಲ ಗಿವ್ವನೂ ಅಲ್ಲರೀ. ಅದು ಟ್ರ್ಯಾಕ್ ಹಾಡಿದಾಕಿ. ದೊಡ್ಡ ಗಾಯಕರಿಗೆ ಟೈಮ್ ಇರ್ತಿರಲಿಲ್ಲ. ಮೊದಲು ಯಾರೋ ಬಡಪಾಯಿ ಕಡೆ ಪೂರಾ ಹಾಡು ಹಾಡಿಸಿ ಇಡತಿದ್ದರು. ಆಮೇಲೆ ದೊಡ್ಡೋರು ಬಂದು ಅದನ್ನ ಹೆಡ್‌ಫೋನಿನಾಗ ಕೇಳ್ಕೋತ ಹಾಡತಿದ್ದರು. ಹೆಡ್‌ಫೋನು ಜೋರಾಗಿದ್ದರೆ ಅದರ ಸದ್ದು ಸೋರಿ ಮೈಕಿಗೆ ಬೀಳತದ. ಆಕಿ ಹೆಸರು ಕ್ಯಾಸೆಟ್ಟಿನ ಮೇಲೆ ಇರಂಗಿಲ್ಲ, ಅಷ್ಟ.’ ಕೆಳಗೆ ಕ್ಯಾಸೆಟ್ಟಿನ ಹೊದಿಕೆಯ ಫೋಟೊ ಹಾಕಿದ್ದರು. ನಾನು ಹುಟ್ಟುವ ಹಿಂದಿನ ವರ್ಷದ್ದು.

ನನ್ನ ಅಮ್ಮ ಟ್ರ್ಯಾಕ್ ಹಾಡುತ್ತಿದ್ದಳು.

ಅಮ್ಮನ ಹೆಸರು ವೇಣಿ. ನನಗೆ ಮಾತು ಬರುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಅಪ್ಪ ಹೊಸೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡ. ನನ್ನನ್ನು ಸಾಕಿದವಳು ಅಮ್ಮನ ಅಮ್ಮ, ಈ ಅಂಜಿನಮ್ಮ. ಮಗಳ ಬಗ್ಗೆ ಅಜ್ಜಿ ಹೆಚ್ಚು ಮಾತಾಡುವುದಿಲ್ಲ. ಆಡಿದಾಗ ಆಡುವುದು ಒಂದೇ ಮಾತು. ಹಾಡಲು ಹೋಗುವ ದಿನ ವೇಣಿ ಗಂಟಲು ಕೆಡಬಾರದೆಂದು ಬೆಳಿಗ್ಗೆಯಿಂದ ತುಟಿ ಬಿಚ್ಚುತ್ತಿರಲಿಲ್ಲ. ವಾಪಸು ಬಂದಾಗಲೂ ಗೇಟಿನಲ್ಲಿ ನಿಂತು ಅವ್ವಾ ಎಂದು ಕೂಗದೆ ಎರಡು ಸಲ ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಜ್ಜಿ ಹಿತ್ತಲಿನಿಂದ ಓಡಿ ಬಂದು ಚಿಲಕ ತೆಗೆಯುತ್ತಿದ್ದಳು. ಬಿಸಿನೀರು ಕುಡಿದ ಮೇಲೆಯೇ ಮೊದಲ ಮಾತು.

ಅಮ್ಮನ ಫೋಟೊಗಳಿವೆ. ದನಿ ಇಲ್ಲ. ಮದುವೆಯ ಸಿಡಿ ಒಂದಿದೆ. ವಿಡಿಯೊದವನು ಮೊದಲಿನಿಂದ ಕೊನೆಯವರೆಗೆ ಅದರ ಮೇಲೆ ಸಿನಿಮಾ ಹಾಡು ಮೆತ್ತಿಟ್ಟಿದ್ದಾನೆ. ಧಾರೆಯ ಹೊತ್ತಿನಲ್ಲಿ ಅಮ್ಮ ಅಜ್ಜಿಯ ಕಡೆ ತಿರುಗಿ ಏನೋ ಹೇಳಿ ನಗುತ್ತಾಳೆ. ತುಟಿ ಅಲ್ಲಾಡುತ್ತದೆ, ಕೇಳುವುದು ಅದೇ ಹೆಸರಾಂತ ಗಾಯಕಿಯ ದನಿ. ಆ ಜಾಗವನ್ನು ಎಷ್ಟು ಸಲ ನೋಡಿದ್ದೇನೋ, ಸಿಡಿ ಅಲ್ಲಿ ಈಗ ತಡವರಿಸುತ್ತದೆ.

ಟ್ರ್ಯಾಕ್ ಹಾಡಿದವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಬಲಗಿವಿಯವಳು ಅಮ್ಮನೇ ಆಗಿರಬೇಕೆಂದೇನೂ ಇಲ್ಲ. ಇದೆಲ್ಲ ನನಗೆ ಗೊತ್ತು. ನನ್ನ ಕೆಲಸವೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಆದರೂ ಆಸೆ ಎನ್ನುವುದು ಹುಟ್ಟಿಬಿಟ್ಟಿತ್ತು. ಒಂದು ಸಲ, ಒಂದೇ ಒಂದು ಸಲ ಅಮ್ಮನ ದನಿ ಕೇಳಬೇಕಿತ್ತು.

ಸಿದ್ದಾರ್ಥ್‌ಗೆ ಬೇರೆಯಾಗಿ ಬರೆದೆ. ಕಾರಣ ಹೇಳಲಿಲ್ಲ. ಆ ದನಿಯನ್ನು ಹಾಡಿನಿಂದ ಬಿಡಿಸಿ ತೆಗೆಯಲು ಆಗುತ್ತದಾ ಎಂದಷ್ಟೇ ಕೇಳಿದೆ.

‘ಸಕ್ಕತ್ ಐಡಿಯಾ ಗುರು. ವೀಕೆಂಡ್ ಕೂತು ಮಾಡ್ತೀನಿ.’

ಭಾನುವಾರ ಬೆಳಿಗ್ಗೆ ನೇರ ಗುಂಪಿಗೇ ಹಾಕಿದ. ‘ಗಲೀಜೆಲ್ಲ ತೆಗ್ದಿದೀನಿ. ಬಲಗಿವಿಯಮ್ಮನ ದರ್ಶನ ಮಾಡ್ಕೊಳ್ಳಿ.’ ಇಡೀ ಚರಣ. ತೊಳೆದಿಟ್ಟ ಗಾಜಿನ ಲೋಟದಷ್ಟು ಸ್ವಚ್ಛ. ಗುಂಪಿನಲ್ಲಿ ಹೃದಯಗಳ ಸುರಿಮಳೆ. ಕಣ್ಣೀರು ಬಂತು ಎಂದು ಮೇಘಾ ಬರೆದಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು, ಬಹಳ ವರ್ಷಗಳ ಮೇಲೆ ಎರಡೂ ಕಿವಿಯಲ್ಲಿ ಹಾಡು ಕೇಳಿದೆ. ಇಷ್ಟು ಚೆನ್ನಾಗಿ ಹಾಡುತ್ತಿದ್ದೆಯಾ ಎಂದು ಜೋರಾಗಿಯೇ ಕೇಳಿ ಅತ್ತೆ. ಇವಳೇ ಅಮ್ಮ ಎಂದು ಮನಸ್ಸು ಆಗಲೇ ಒಪ್ಪಿಬಿಟ್ಟಿತ್ತು.

ಅಜ್ಜಿ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಏನೂ ಹೇಳಬಾರದು, ಅವಳಾಗಿಯೇ ಗುರುತಿಸಬೇಕು. ಫೋನನ್ನು ಮೊರದ ಪಕ್ಕ ಇಟ್ಟು ಹಾಡು ಹಾಕಿದೆ. ಸುಲಿಯುತ್ತಲೇ ಪೂರ್ತಿ ಕೇಳಿದಳು.

“ಚೆಂದಾಕ್ ಆಡ್ತಾಳೆ. ಯಾರೇ ಇವ್ಳು, ಟೀವಿಯೋಳಾ?”

“ಅಮ್ಮನ ದನಿ ಥರ ಇಲ್ವಾ ಅಜ್ಜಿ?”

ಅಜ್ಜಿಯ ಕೈ ನಿಂತಿತು. ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

“ನಿಮ್ಮಮ್ಮ ಇಂಗೆ ಆಡ್ತಿರ್ಲಿಲ್ಲ. ಇವ್ಳು ಉಸ್ರೇ ತಗಳಲ್ವಲ್ಲೇ.” ಇನ್ನೊಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

ಮತ್ತೆ ಹಾಕಿ ಕೇಳಿದೆ. ನಿಜವಾಗಿತ್ತು. ಅಷ್ಟುದ್ದದ ಚರಣದಲ್ಲಿ ಎಲ್ಲಿಯೂ ಉಸಿರಿಲ್ಲ. ಬಚ್ಚಲಿನಲ್ಲಿ ನಿಂತು ನಾನು ಅಮ್ಮ ಎಂದು ಕರೆದದ್ದು ಯಾರನ್ನು? ಹೆದರಿಕೆಯ ಹಿಂದೆಯೇ ಸಿಟ್ಟು ಬಂತು. ಸಿದ್ದಾರ್ಥ್‌ಗೆ ಬರೆದೆ.

‘ಉಸಿರೆಲ್ಲಿ ಹೋಯ್ತು?’

‘ಯಾವ ಉಸಿರು?’

‘ಹಾಡೋಳದ್ದು. ಮನುಷ್ಯರು ತಗೊಳ್ಳೋ ಉಸಿರು.’

ಉತ್ತರ ಬಂತು. ‘ನಿಜ ಹೇಳ್ಬೇಕಂದ್ರೆ ಒಳಗೆ ಸಿಕ್ಕಿದ್ದು ನಾಲ್ಕೈದು ಪದ. ಮಿಕ್ಕಿದ್ದನ್ನ ಸಾಫ್ಟ್‌ವೇರೇ ಅಂದಾಜಿನ ಮೇಲೆ ತುಂಬಿಸ್ತು. ಉಸಿರು, ಕೆಮ್ಮು, ಸೊರಸೊರ ಎಲ್ಲ ನಾಯ್ಸ್ ಅಂತ ತೆಗ್ದು ಪಕ್ಕಕ್ಕಿಟ್ಟೆ. ಜನಕ್ಕೆ ಚೆನ್ನಾಗಿ ಕೇಳಿಸ್ಲಿ ಅಂತ.’

‘ಆ ನಾಯ್ಸ್ ಕಳ್ಸು.’

‘ಅದ್ರಲ್ಲಿ ಏನೂ ಇಲ್ಲ ಗುರು, ಬರೀ ಕಸ.’

‘ಕಳ್ಸು. ಅದು ನಮ್ಮಮ್ಮ ಇರಬಹುದು.’

ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಫೈಲ್ ಬಂತು.

ಅಷ್ಟರಲ್ಲಿ ಅಜ್ಜಿ ಎದ್ದು ಹಿತ್ತಲಿಗೆ ಹೋಗಿದ್ದಳು. ಸಂಪಿನ ಪಕ್ಕ ಬಿಂದಿಗೆ ತೊಳೆಯುವ ಸದ್ದು ಬರುತ್ತಿತ್ತು. ನಾನು ನಡುಮನೆಯಲ್ಲಿ ಕೂತು, ಸದ್ದು ಸಣ್ಣದಿರಬಹುದೆಂದು ಸ್ಪೀಕರನ್ನು ಪೂರ್ತಿ ಏರಿಸಿ ಫೈಲ್ ಒತ್ತಿದೆ. ಮೊದಲು ಬರೀ ಸೊರಸೊರ, ಕುಕ್ಕರ್ ಕೂಗುವುದಕ್ಕೆ ಮುಂಚಿನ ಸದ್ದು. ಪಕ್ಕದ ಮನೆಯಿಂದ ಬಂದಂತೆ ವೀಣೆಯ ಒಂದು ಚೂರು. ಆಮೇಲೆ ಚರಣ ಶುರುವಾಗುವ ಮುಂಚೆ ವಾದ್ಯಗಳೆಲ್ಲ ನಿಲ್ಲುವ ಜಾಗ. ಹೇಗೂ ತನ್ನ ದನಿಯನ್ನು ಅಳಿಸಿಹಾಕುತ್ತಾರೆಂದು ಗೊತ್ತಿದ್ದ ಯಾರೋ ಅಲ್ಲಿ ಸಂಕೋಚವಿಲ್ಲದೆ, ಮೆಲ್ಲಗೆ, ಎರಡು ಸಲ ಗಂಟಲು ಸರಿಮಾಡಿಕೊಂಡಳು. ಉಸಿರು ಎಳೆದುಕೊಂಡಳು.

“ಬಂದೆ ಇರೇ, ಕೈಯೆಲ್ಲ ಒದ್ದೆ.”

ಹಿತ್ತಲಿನಿಂದ ಬಂದ ದನಿ. ಯಾರದೆಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಹಗುರವಾಗಿತ್ತು, ತುಸು ಗದರಿಕೆ ಇತ್ತು, ಅವಸರವಿತ್ತು, ಒಳಗೆಲ್ಲೋ ನಗುವೂ ಇತ್ತು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಡುಮನೆ ದಾಟಿದಳು. ನನ್ನ ಕಡೆ ನೋಡಲಿಲ್ಲ. ಮಂಡಿನೋವಿನವಳು ಮೆಟ್ಟಿಲಿಳಿದು ಹೋಗಿ ಗೇಟಿನ ಚಿಲಕ ಎಳೆದು ತೆರೆದಳು.

ಹೊರಗೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಿತ್ತು. ಬಾಡಿಗೆ ಕೋಣೆಯ ಹುಡುಗಿಯರಿಬ್ಬರು ಶಿಫ್ಟ್ ಮುಗಿಸಿ ಬರುತ್ತಿದ್ದರು. ಅಜ್ಜಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಗೇಟು ಹಿಡಿದುಕೊಂಡೇ ನಿಂತಳು.

ಅಮ್ಮನ ದನಿಗಾಗಿ ಹುಡುಕುತ್ತಿದ್ದ ನನಗೆ ಸಿಕ್ಕಿದ್ದು ಅಮ್ಮ ಬದುಕಿದ್ದಾಗಿನ ಅಜ್ಜಿಯ ದನಿ. ಇಷ್ಟು ವರ್ಷ ಅವಳ ಎಲ್ಲ ಕೂಗಿಗೂ ಓಗೊಟ್ಟಿದ್ದೇನೆ, ಆ ದನಿಯಲ್ಲಿ ಅವಳು ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅಳು ಬಂತು.

ಫೋನು ಹಿಡಿದು ಹತ್ತಿರ ಹೋದೆ. “ಅಜ್ಜಿ, ಅದು ಇದ್ರೊಳಗಿಂದ ಬಂದಿದ್ದು.” ಮತ್ತೊಮ್ಮೆ ಹಾಕಿದೆ. ಚಿಲಕದ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಎರಡನೆಯ ಸಲ ಗಂಟಲು ಸರಿಮಾಡಿಕೊಂಡಾಗ ಉತ್ತರ ಕೊಡಲು ಬಾಯಿ ತೆರೆದು ಸುಮ್ಮನಾದಳು. ಫೋನಿನಲ್ಲಿ ಗುಂಪಿನವರ ಬಲಗಿವಿಯಮ್ಮನ ಸ್ಟಿಕರುಗಳು ಒಂದರ ಹಿಂದೊಂದು ಬಂದು ಬೀಳುತ್ತಿದ್ದವು. ನಡುವೆ ಸಿದ್ದಾರ್ಥ್‌ನ ಒಂದೇ ಪದ: ‘ಅಮ್ಮಾನಾ?’ ನಾನು ಗುಂಪಿನ ಸದ್ದನ್ನು ಅಡಗಿಸಿದೆ.

“ಗೇಟ್ ಆಕು,” ಎಂದಳು ಅಜ್ಜಿ. “ನಾನ್ ಇತ್ಲಿಗ್ ಓಗ್ತೀನಿ. ಆಮ್ಯಾಕೆ ಇನ್ನೊಂದ್ ಕಿತ ಆಕು.”

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಏನೋ ಎತ್ತಿಡುವ ಸದ್ದಾಯಿತು, ಆಮೇಲೆ ಸಂಪಿನ ಹತ್ತಿರ ಬಿಂದಿಗೆಯ ಸದ್ದು. ನಾನು ಹೊರಗೆ ಬಂದು ಗೇಟು ಮುಚ್ಚಿ, ಕೈ ಒಳಗೆ ತೂರಿಸಿ ಚಿಲಕ ಹಾಕಿದೆ. ರಸ್ತೆಯಲ್ಲಿ ನಿಂತು, ಫೋನನ್ನು ಗೇಟಿನ ಸಂದಿಗೆ ಹಿಡಿದು ಒತ್ತಿದೆ.

“ಬಂದೆ ಇರೇ.”

ಈ ಸಲ ಅದು ನನಗೆ ಗೊತ್ತಿದ್ದ ಮುದುಕಿಯ ದನಿ, ನಡುಗುತ್ತಿತ್ತು. ಆದರೂ ಹೆಜ್ಜೆಗಳು ಬೇಗ ಬೇಗ ಬಂದವು. ಚಿಲಕ ತೆಗೆದಳು. ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಬಾ, ಬಿಸ್ನೀರ್ ಇಟ್ಟಿವ್ನಿ.”

ನಾನು ಏನೂ ಮಾತಾಡದೆ ಒಳಗೆ ಹೋದೆ.