ಓದು, ಆಮೇಲೆ ಮಾತಾಡೋಣ

ನಮ್ಮವರದು ಕನ್ನಡಕದ ಅಂಗಡಿ. ಮಹಾ ಅಂಗಡಿಯೇನಲ್ಲ. ಮುಂದೆ ಗಾಜಿನ ಕಪಾಟು, ಹಿಂದೆ ಮಸೂರದ ಅಂಚು ಉಜ್ಜುವ ಯಂತ್ರ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಫಲಕ, ಇಷ್ಟೇ. ಫಲಕ ದೂರದ ದೃಷ್ಟಿಗೆ. ಹತ್ತಿರದ ದೃಷ್ಟಿಗೆ ಬೇರೆಯವರು ಒಂದು ಕಾರ್ಡು ಕೊಡುತ್ತಾರೆ. ಇವರು ಮಾತ್ರ ಡ್ರಾಯರಿನಿಂದ ನೀಲಿ ರಟ್ಟಿನ ಒಂದು ಕಾದಂಬರಿ ತೆಗೆದು, ಮೊದಲ ಪುಟ ಬಿಡಿಸಿ, "ಓದಿ ನೋಡೋಣ" ಅನ್ನುತ್ತಿದ್ದರು. ಆ ಪುಟದ ಕೊನೆಯಲ್ಲಿ ಒಬ್ಬ ಹೆಂಗಸು ದೀಪ ಹಚ್ಚಿಟ್ಟು, ಬಾಗಿಲು ಮುಂದೆ ಮಾಡಿ, ಮನೆ ಬಿಟ್ಟು ಹೊರಡುತ್ತಾಳೆ. ಅಲ್ಲಿಗೆ ಸರಿಯಾಗಿ ಪುಸ್ತಕ ಮುಚ್ಚಿ, "ಅಕ್ಷರ ಕಾಣುತ್ತಲ್ಲ? ಮಿಕ್ಕಿದ್ದು ಮನೇಲಿ ಓದಿ. ಕನ್ನಡಕ ಕಣ್ಣಿಗೆ ಒಗ್ಗಿತೋ ಇಲ್ಲವೋ ಆಗ ಗೊತ್ತಾಗುತ್ತೆ" ಎಂದು ಇನ್ನೊಂದು ಪ್ರತಿಯನ್ನು ಗಿರಾಕಿಯ ಕೈಗಿಡುತ್ತಿದ್ದರು.

ಅಷ್ಟೊಂದು ಪ್ರತಿ ಎಲ್ಲಿಂದ ಬಂತು ಅಂದರೆ, ಅದನ್ನು ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿಹೋಗಿ, ಮಿಕ್ಕ ಪ್ರತಿಗಳು ರದ್ದಿ ಅಂಗಡಿಯ ತಕ್ಕಡಿ ಏರಿದ್ದವು. ಇವರು ಹೋಗಿ ಕಟ್ಟುಗಟ್ಟಲೆ ಹೊತ್ತು ತಂದರು. ಆ ಹೊತ್ತಿಗೆ ನಮ್ಮ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಮೊದಲ ಪ್ರತಿ ನನಗೇ ಸಿಕ್ಕಿತು.

ನಾನು ಓದದವಳಲ್ಲ ಮತ್ತೆ. ವಾರಪತ್ರಿಕೆಯ ಧಾರಾವಾಹಿ, ಪತ್ತೇದಾರಿ, ಪೊಟ್ಟಣ ಕಟ್ಟಿ ಬಂದ ಕಾಗದ, ಯಾವುದನ್ನೂ ಬಿಟ್ಟವಳಲ್ಲ. ಆದರೆ ಇವರು ಬೆಳಗಾದರೆ ಸಾಕು, ಹಲ್ಲುಜ್ಜುವ ಮೊದಲೇ "ಎಲ್ಲೀವರೆಗೆ ಬಂತು?" ಅಂತ ಶುರು ಮಾಡಿದರು. ನನಗೋ ಕೋಪ ಮೂಗಿನ ತುದಿಯಲ್ಲೇ. "ನಾನೇನು ಪರೀಕ್ಷೆಗೆ ಕೂತಿದೀನಾ? ಓದಲ್ಲ ಹೋಗ್ರೀ!" ಎಂದು ಪುಸ್ತಕವನ್ನು ಕಪಾಟಿಗೆ ತುರುಕಿದೆ. ಇವರು ಜಗಳವಾಡಲಿಲ್ಲ. "ಆಯ್ತು, ನಿನಗೆ ಬೇಕು ಅನ್ನಿಸಿದಾಗ ಓದು. ಓದು, ಆಮೇಲೆ ಮಾತಾಡೋಣ" ಅಂದರು. ಮತ್ತೆಂದೂ ಕೇಳಲಿಲ್ಲ. ಅದರಲ್ಲಿ ಅಂಥದ್ದೇನಿದೆ ಎಂದು ಯಾರು ಕೇಳಿದರೂ ಅದೇ ಉತ್ತರ, ಓದಿ, ಆಮೇಲೆ ಮಾತಾಡೋಣ. ನನ್ನ ಹಠ ಹಾಗೇ ಹಳೆಯದಾಯಿತು. ಮಗಳು ಹುಟ್ಟಿ, ಬೆಳೆದು, ಅವಳಿಗೂ ಸಂಸಾರವಾಯಿತು. ಪುಸ್ತಕ ಕಪಾಟಿನಲ್ಲೇ ಇತ್ತು.

ಹೀಗಿರುವಾಗ ಒಂದು ಬೆಳಗ್ಗೆ, ಅಂಗಡಿಯ ಬಾಗಿಲು ತೆರೆಯಲು ಹೋದವರು ಅಲ್ಲೇ ಕುಸಿದರು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಕಲಿಸಲು ಒಬ್ಬ ಹುಡುಗಿ ಬರತೊಡಗಿದಳು. ಒಳ್ಳೆಯ ಹುಡುಗಿ, ನಗುಮುಖ. ಹಾಸಿಗೆಯ ಪಕ್ಕ ಕೂತು ಬಣ್ಣದ ಚಿತ್ರಗಳನ್ನು ಹಿಡಿಯುತ್ತಿದ್ದಳು. ಲೋಟ, ಬೀಗದ ಕೈ, ಹಸು. "ಇದೇನು ಅಂಕಲ್? ಹೇಳಿ, ಹ... ಹ..." ಇವರು ಅವಳ ಮುಖವನ್ನೊಮ್ಮೆ, ಹಸುವನ್ನೊಮ್ಮೆ ನೋಡಿ ಗೋಡೆಗೆ ತಿರುಗಿಬಿಡುತ್ತಿದ್ದರು. ಊರವರ ಕಣ್ಣೆಲ್ಲ ಅಳೆದ ಮನುಷ್ಯನಿಗೆ ಹಸು ತೋರಿಸಿದರೆ ಇನ್ನೇನು ಮಾಡಿಯಾರು?

ಹೊರಡುವಾಗ ಹುಡುಗಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಳು. "ಆಂಟಿ, ಗಂಟಲಿಗೆ ಏನೂ ಆಗಿಲ್ಲ. ಒಳಗೆ ಮಾತಿದೆ, ಅದು ಹೊರಗೆ ಬರೋ ದಾರಿ ಕೆಟ್ಟಿದೆ ಅಷ್ಟೆ. ಪ್ರಯತ್ನ ಪಟ್ಟಷ್ಟೂ ಹೊಸ ದಾರಿ ಆಗುತ್ತೆ. ಆದ್ರೆ ಅಂಕಲ್ ಪ್ರಯತ್ನಾನೇ ಪಡ್ತಿಲ್ಲ. ಈ ಮೊದಲ ತಿಂಗಳುಗಳು ಕೈತಪ್ಪಿದ್ರೆ ಆಮೇಲೆ ತುಂಬಾ ಕಷ್ಟ."

"ನಾನೇನು ಮಾಡ್ಲಮ್ಮ? ದಿನವಿಡೀ ಮಾತಾಡಿಸ್ತಾನೇ ಇದೀನಿ."

"ಅದೇ ಆಂಟಿ," ಅಂದಳು, ಸಂಕೋಚದಿಂದ. "ನೀವೇ ಎಲ್ಲಾ ಮಾತಾಡಿಬಿಡ್ತೀರ. ಅವರು ಬಾಯಿ ತೆರೆಯೋ ಮೊದಲೇ ನೀರಾ, ಹಾಲಾ, ದಿಂಬಾ ಅಂತ ಮುಗಿಸಿಬಿಡ್ತೀರ. ಮಾತಾಡಬೇಕು ಅಂತ ಅವರಿಗೇ ಅನ್ನಿಸಬೇಕು."

ಬೇರೆ ದಿನವಾಗಿದ್ದರೆ ಆ ಹುಡುಗಿ ನನ್ನಿಂದ ಸರಿಯಾಗಿ ಅನ್ನಿಸಿಕೊಳ್ಳುತ್ತಿದ್ದಳು. ಅವತ್ತು ನನಗೇ ಹೆದರಿಕೆಯಾಗಿತ್ತು. ಇವರು ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದರು. ಮನುಷ್ಯ ಬದುಕಿದ್ದಾನೆ, ಬದುಕಬೇಕು ಎಂಬ ಆಸೆ ಮಾತ್ರ ಇಲ್ಲ ಅನ್ನುವುದು ಹತ್ತಿರ ಇರುವವರಿಗೆ ಗೊತ್ತಾಗದೆ ಇರುತ್ತದೆಯೇ?

ಆ ವಾರವೇ ಔಷಧಿ ಅಂಗಡಿಯವರು ನೋಡಲು ಬಂದರು. ನಮ್ಮ ಅಂಗಡಿಯ ಪಕ್ಕದ ಅಂಗಡಿ ಅವರದು, ದನಿಯೋ ಬೀದಿಗೆಲ್ಲ ಕೇಳುವಂಥದ್ದು. ಕೈಯಲ್ಲಿ ನೀಲಿ ರಟ್ಟಿನ ಪುಸ್ತಕ. "ಯಜಮಾನ್ರೇ, ಯಾವಾಗಲೋ ಕೊಟ್ಟಿದ್ರಿ, ವಾಪಸ್ ಕೊಡೋಕೆ ಆಗಿರ್ಲಿಲ್ಲ. ಅಬ್ಬಬ್ಬಾ, ಏನ್ ಪುಸ್ತಕ! ಒಂದೇ ಉಸಿರಿಗೆ ಓದಿ ಮುಗಿಸಿದೆ. ನಮ್ಮ ಮನೆಯವಳಿಗೂ ಓದಿಸಿದೆ!"

ಇವರ ಕಣ್ಣು ಅಗಲವಾಯಿತು. ಎಡಗೈ ಚಾಚಿ ಪುಸ್ತಕ ತೆಗೆದುಕೊಂಡು ಎದೆಯ ಮೇಲೆ ನಿಲ್ಲಿಸಿದರು. ಹೆಬ್ಬೆರಳಿನಿಂದ ಹಾಳೆಗಳ ಅಂಚನ್ನು ಮೆಲ್ಲಗೆ ಸವರುತ್ತ ಹೋದರು. ಮಧ್ಯದಲ್ಲಿ ಬೆರಳು ನಿಂತಿತು. ಅಷ್ಟೇ. ಪುಸ್ತಕವನ್ನು ಪಕ್ಕಕ್ಕೆ ಬೀಳಲು ಬಿಟ್ಟು ಗೋಡೆಗೆ ತಿರುಗಿದರು. ಔಷಧಿ ಅಂಗಡಿಯವರು ಪೆಚ್ಚಾಗಿ, "ಆಯಾಸ ಆಗಿದೆ ಅಂತ ಕಾಣುತ್ತೆ" ಎಂದು ಎದ್ದು ಹೋದರು.

ನಾನು ಪುಸ್ತಕ ಎತ್ತಿಕೊಂಡು ಅವರ ಹಾಗೆಯೇ ಅಂಚು ಸವರಿ ನೋಡಿದೆ. ಮಧ್ಯದಲ್ಲಿ ಒಂದು ಕಡೆ ದಪ್ಪ ತಗುಲಿತು. ಬಿಡಿಸಿದರೆ, ಎರಡು ಹಾಳೆಗಳು ಹೊರ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಅಚ್ಚಾದ ದೊಡ್ಡ ಕಾಗದವನ್ನು ಮಡಿಚಿ ಹೊಲಿದ ಮೇಲೆ ಅಂಚು ಕತ್ತರಿಸುತ್ತಾರಲ್ಲ, ಅಲ್ಲಿ ಆ ಮಡಿಕೆಗೆ ಕತ್ತಿ ತಾಗಿಲ್ಲ. ಒಳಗಿನ ಎರಡು ಪುಟಗಳು ಚೀಲದೊಳಗೆ ಸಿಕ್ಕಿಕೊಂಡ ಹಾಗೆ ಇವೆ. ಅವನ್ನು ಓದಬೇಕಾದರೆ ಬ್ಲೇಡೋ ಚಾಕುವೋ ಹಾಕಿ ಸೀಳಲೇಬೇಕು. ಈ ಪ್ರತಿಯನ್ನು ಯಾರೂ ಸೀಳಿರಲಿಲ್ಲ. ಒಂದೇ ಉಸಿರಿಗೆ ಓದಿದನಂತೆ! ಈ ಎರಡು ಪುಟ ಬಂದಾಗ ಆ ಉಸಿರು ಎಲ್ಲಿಗೆ ಹೋಗಿತ್ತೋ!

ಪಕ್ಕದ ಮನೆಯಾಕೆಯನ್ನು ಇವರ ಹತ್ತಿರ ಕೂರಿಸಿ, ಚಪ್ಪಲಿ ಮೆಟ್ಟಿಕೊಂಡು ಸೀದಾ ಅಂಗಡಿಗೆ ಹೋದೆ. ಇವರು ಬಿದ್ದ ಮೇಲೆ ಮೈದುನ ಅಂಗಡಿ ನೋಡಿಕೊಳ್ಳುತ್ತಿದ್ದ. ವಾಪಸ್ ಬಂದ ಪ್ರತಿಗಳನ್ನು ಇವರು ಯಂತ್ರದ ಮೇಲಿನ ಹಲಗೆಯಲ್ಲಿ ಜೋಡಿಸಿಡುತ್ತಿದ್ದರು. ಸ್ಟೂಲು ಹತ್ತಿ ಒಂದೊಂದಾಗಿ ಇಳಿಸಿ ಸವರಿದೆ. ಮೇಷ್ಟ್ರು ಹಿಂದಿರುಗಿಸಿದ್ದು, ಅಂಚೆಯವನು ಹಿಂದಿರುಗಿಸಿದ್ದು, ಮನೆತನಕ ಬಂದು ಕೈಮುಗಿದು ಹೊಗಳಿ ಹೋದ ವಕೀಲರದು. ಎಲ್ಲವೂ ಹಾಗೇ ಕೂಡಿಕೊಂಡಿದ್ದವು. ಒಂದಾದರೂ ಸೀಳಿದ್ದು ಸಿಗಲಿ ದೇವರೇ ಅಂದುಕೊಂಡೆ. ಸಿಗಲಿಲ್ಲ.

"ಏನೋ ಇದು?" ಎಂದು ಮೈದುನನ ಮೇಲೆ ಹರಿಹಾಯ್ದೆ.

ಅವನು ಕೈಯಲ್ಲಿದ್ದ ಮಸೂರವನ್ನು ಒರೆಸುತ್ತ ನಿಂತ. "ಆ ಕಟ್ಟೇ ಹಾಗೆ ಅತ್ತಿಗೆ, ಪ್ರತಿಯೊಂದರಲ್ಲೂ ಆ ಮಡಿಕೆ ಉಳಿದುಬಿಟ್ಟಿದೆ. ಅದಕ್ಕೇ ಮಾರಾಟ ಆಗದೆ ಉಳಿದು ರದ್ದಿಗೆ ಹೋದ್ವು."

"ನಿಮ್ಮಣ್ಣನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಪುಸ್ತಕ ವಾಪಸ್ ಬಂತೋ, ಮೊದಲು ಹೆಬ್ಬೆರಳಲ್ಲಿ ಅಂಚು ಸವರೋನು. ಎದುರಿಗಿದ್ದೋರು ಹೊಗಳ್ತಾ ಇರೋರು, ಇವನು ಹ್ಞೂಂ ಹ್ಞೂಂ ಅಂತ ನಗ್ತಾ ಇರೋನು. ಒಂದ್ಸಲ ನಾನೇ ಅಂದೆ, ಎಲ್ಲಾ ಕತ್ತರಿಸಿ ಇಡ್ಲಾ ಅಣ್ಣ, ಜನಕ್ಕೆ ಸಲೀಸಾಗುತ್ತೆ ಅಂತ. ಬೇಡ ಕಣೋ, ಯಾರಾದ್ರೂ ಒಬ್ಬರು ಕತ್ತರಿಸಿ ತರ್ತಾರೆ, ನೋಡ್ತಿರು ಅಂದ."

"ಮತ್ತೆ ನೀನು? ಅವರ ಬೆನ್ನಿಗೆ ಬಿದ್ದ ತಮ್ಮ, ನೀನು ಓದಿದೀಯಾ?"

ಅವನು ತಲೆ ಕೆರೆದುಕೊಂಡ. "ನೀವು ಓದಿದೀರಾ ಅತ್ತಿಗೆ?"

ಸುಮ್ಮನೆ ಕೇಳಿದ, ಚುಚ್ಚಲು ಕೇಳಿದ್ದಲ್ಲ. ಆದರೂ ಊರವರಿಗೆಲ್ಲ ಮಂಗಳಾರತಿ ಮಾಡಲು ಹೊರಟಿದ್ದವಳು ಸ್ಟೂಲಿನಿಂದ ಇಳಿದು, ಸೆರಗಿನಿಂದ ಕೈ ಒರೆಸಿಕೊಂಡು ಮನೆಗೆ ಬಂದೆ.

ನನ್ನ ಪ್ರತಿ ಕಪಾಟಿನಲ್ಲಿ ಇಟ್ಟ ಜಾಗದಲ್ಲೇ ಇತ್ತು. ತೆಗೆದರೆ ಒಂದಿಷ್ಟೂ ಧೂಳಿಲ್ಲ. ನಮ್ಮ ಮನೆಯಲ್ಲಿ ಪುಸ್ತಕದ ಕಪಾಟು ಒರೆಸುವವರು ಇವರೇ. ಪ್ರತಿ ಸಲ ಒರೆಸುವಾಗಲೂ ಆ ಹೆಬ್ಬೆರಳು ಈ ಅಂಚಿನ ಮೇಲೆ ಹಾದುಹೋಗಿದೆ, ಮಧ್ಯದಲ್ಲಿ ನಿಂತಿದೆ. ಒರೆಸಿ ಮತ್ತೆ ಅಲ್ಲೇ ಇಟ್ಟಿದ್ದಾರೆ. ಒಂದು ಮಾತು ಆಡಲಿಲ್ಲ ಪುಣ್ಯಾತ್ಮ. ಒಂದು ಸಲ ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕಪಾಟಿನ ಬಾಗಿಲು ಹಿಡಿದುಕೊಂಡು ಅತ್ತೆ.

ಮಾರನೆಯ ದಿನ ಮಧ್ಯಾಹ್ನ ಇವರ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತು, ಮಗುವಿಗೆ ಕಥೆ ಹೇಳುವ ದನಿಯಲ್ಲಿ ಗಟ್ಟಿಯಾಗಿ ಓದಲು ಶುರು ಮಾಡಿದೆ. ಗೋಡೆಯಿಂದ ಮುಖ ಈಚೆಗೆ ಬರಲಿಲ್ಲ. ಹಸುವಿನ ಚಿತ್ರಕ್ಕೂ ನನ್ನ ಓದಿಗೂ ವ್ಯತ್ಯಾಸವಿಲ್ಲ ಅನ್ನಿಸಿತೋ ಏನೋ. ನನಗೆ ರೇಗಿತು. "ಬೇಡವಾದ್ರೆ ಬಿಡಿ. ನನ್ನ ಪಾಡಿಗೆ ನಾನು ಓದ್ಕೋತೀನಿ" ಎಂದು ಬಾಯಿ ಮುಚ್ಚಿಕೊಂಡು ಓದಿದೆ.

ಮೊದಮೊದಲು ಹಠಕ್ಕೆ ಓದಿದೆ. ಆಮೇಲೆ ಹಠ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಹೆಂಗಸು ಮನೆ ಬಿಟ್ಟು ಹೋಗಿ ಪರಊರಿನಲ್ಲಿ ಬಟ್ಟೆ ಹೊಲಿದು ಬದುಕುತ್ತಾಳೆ. ಇಲ್ಲಿ ಗಂಡ ಯಾರಿಗೂ ಏನೂ ಹೇಳದೆ ಅದೇ ಮನೆಯಲ್ಲಿರುತ್ತಾನೆ. ಯಾಕೆ ಹೋದಳು ಅಂತ ಮಾತ್ರ ಪುಸ್ತಕ ಬಾಯಿ ಬಿಡುವುದಿಲ್ಲ. "ಅಯ್ಯೋ, ಹೇಳಬಾರದಾ ಮಹಾರಾಯ್ತಿ!" ಎಂದು ಗೊಣಗಿದೆ. ಹಾಳೆ ಮಗುಚಿದರೆ ಆ ಕೂಡಿಕೊಂಡ ಮಡಿಕೆ.

ಹಣ್ಣು ಹೆಚ್ಚುವ ಚಾಕು ತಟ್ಟೆಯಲ್ಲಿತ್ತು. ಒರೆಸಿ, ಮಡಿಕೆಯೊಳಗೆ ತೂರಿಸಿ, ಮೇಲಿನಿಂದ ಕೆಳಗೆ ಎಳೆದೆ. ಹಳೆಯ ಕಾಗದ, ಸರ್ರೆಂದು ಸದ್ದಾಯಿತು.

ಗೋಡೆಗೆ ತಿರುಗಿದ್ದ ತಲೆ ಈಚೆ ಬಂತು. ಇವರು ನನ್ನನ್ನು ನೋಡಲಿಲ್ಲ, ಚಾಕುವನ್ನೂ ನೋಡಲಿಲ್ಲ. ಬಿಡಿಸಿಕೊಂಡ ಆ ಎರಡು ಹಾಳೆಗಳನ್ನೇ ನೋಡಿದರು. ಆಮೇಲೆ ನನ್ನ ಮುಖಕ್ಕೆ ಕಣ್ಣು ನೆಟ್ಟವರು ಮತ್ತೆ ಗೋಡೆಯ ಕಡೆ ಹೋಗಲೇ ಇಲ್ಲ. ನಾನು ಓದುವುದನ್ನು ಅವರು ನನ್ನ ಮುಖದಲ್ಲಿ ಓದುತ್ತಿದ್ದರು.

ಆ ಪುಟಗಳಲ್ಲಿ ಭಾರಿ ಗುಟ್ಟೇನೂ ಇರಲಿಲ್ಲ. ಗಂಡ ಕೆಟ್ಟವನಲ್ಲ. ಹೊಡೆದವನಲ್ಲ, ಬೈದವನಲ್ಲ. ಅವಳು ಮನಸ್ಸಿನಲ್ಲಿರುವುದನ್ನು ಹೇಳಲು ಬಂದಾಗಲೆಲ್ಲ ಅವನು "ಆಮೇಲೆ" ಅಂದ. ಒಂದು ದಿನ ಅವಳು ಹೇಳುವುದನ್ನು ನಿಲ್ಲಿಸಿದಳು. ಇಷ್ಟೇ. ಆ ಎರಡು ಪುಟಗಳನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ.

ಮುಂದಿನ ದಿನಗಳಲ್ಲಿ ಅಡುಗೆ ಮುಗಿಸಿ ಬರುವುದೇ ತಡ, ಇವರು ಎಡಗೈಯಿಂದ ಕುರ್ಚಿ ತೋರಿಸುತ್ತಿದ್ದರು. ಊಟ ಪೂರ್ತಿ ಮಾಡಿದರು. ನಾನು ಓದುತ್ತ ಬೈಯುತ್ತಿದ್ದೆ, ಗಂಡನನ್ನೂ ಬೈದೆ, ಹೆಂಡತಿಯನ್ನೂ ಬೈದೆ. ಇವರ ಬಾಯಿಯ ಒಂದು ಪಕ್ಕ ನಗುತ್ತಿತ್ತು. ಮಾತು ಮಾತ್ರ ಇಲ್ಲ.

ಕೊನೆಯ ಪುಟ ಮುಗಿದ ಮಧ್ಯಾಹ್ನ ಮಾತಿನ ಹುಡುಗಿಯೂ ಬಂದಿದ್ದಳು, ಚಿತ್ರಗಳನ್ನು ಇನ್ನೂ ಚೀಲದಿಂದ ತೆಗೆದಿರಲಿಲ್ಲ. ಕಥೆಯ ಕೊನೆಯಲ್ಲಿ, ಎಷ್ಟೋ ವರ್ಷವಾದ ಮೇಲೆ, ಆ ಹೆಂಗಸು ವಾಪಸ್ ಬರುತ್ತಾಳೆ. ಬಾಗಿಲು ತಳ್ಳುತ್ತಾಳೆ. ಅವಳು ಮುಂದೆ ಮಾಡಿ ಹೋದ ಬಾಗಿಲಿಗೆ ಅವನು ಅಲ್ಲಿಯವರೆಗೂ ಚಿಲಕ ಹಾಕಿರುವುದಿಲ್ಲ.

ಪುಸ್ತಕವನ್ನು ಪಟ್ಟನೆ ಮುಚ್ಚಿದೆ. "ಓದಿ ಆಯ್ತು ರೀ. ಚೆನ್ನಾಗಿದೆ ಅಂತ ಹೇಳಲ್ಲ, ಚೆನ್ನಾಗಿದೆ ಅಂದೋರನ್ನ ಬೇಕಾದಷ್ಟು ನೋಡಿದೀರ. ಕೊನೆ ನನಗೆ ಸೇರ್ಲಿಲ್ಲ. ಇಷ್ಟು ವರ್ಷ ಆದಮೇಲೆ ಯಾವ ಮುಖ ಇಟ್ಕೊಂಡು ಬಂದಳು ಅವಳು? ಬರಬಾರದಿತ್ತು!"

ಇವರ ಮುಖ ಕೆಂಪಾಯಿತು. ಎಡಗೈಯಿಂದ ಹಾಸಿಗೆಗೆ ಬಡಿದರು. ಬಾಯಿ ತೆರೆಯಿತು, ತುಟಿ ಕೂಡಿತು, ಬಿಟ್ಟಿತು. "ಬ..." ಹಣೆಯ ನರ ಉಬ್ಬಿತು. "ಬ..."

ಬಾಗಿಲಾ, ಬಟ್ಟೆಯಾ, ಬಿಸಿನೀರಾ ಎಂದು ನನ್ನ ನಾಲಗೆಯ ತುದಿಗೆ ಬಂತು. ಹುಡುಗಿ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ.

"ಬರ್ಲಿ," ಅಂದರು.

ಒಡಕು ದನಿ, ಆದರೆ ಅವರದೇ ದನಿ. ನನ್ನ ಕಣ್ಣನ್ನೇ ನೋಡುತ್ತ ಇನ್ನೊಮ್ಮೆ ಅಂದರು. "ಬರ್ಲಿ."

ಚಿಲಕ ಹಾಕದೆ ಕಾದದ್ದು ಕಥೆಯ ಗಂಡನೊಬ್ಬನೇ ಅಲ್ಲ, ತಡವಾಗಿ ಬಂದದ್ದು ಆ ಹೆಂಗಸೊಬ್ಬಳೇ ಅಲ್ಲ ಅನ್ನುವುದು ನನಗೆ ಆಗ ತಿಳಿಯಿತು. ಹುಡುಗಿ ಎದುರಿಗಿದ್ದಾಳೆ ಅನ್ನುವುದನ್ನೂ ಮರೆತು ಅವರ ಎಡಗೈಯನ್ನು ಮುಖಕ್ಕೆ ಒತ್ತಿಕೊಂಡೆ. "ಬಂದೆ ರೀ," ಅಂದೆ. "ಬಂದೆ."

ಆಮೇಲೆ ಮೂಗೊರೆಸಿಕೊಂಡು, "ಆದ್ರೆ ನಾನು ಒಪ್ಪಿಲ್ಲ. ಅವಳು ಬಂದಿದ್ದು ತಪ್ಪೇ" ಅಂದೆ.

ಇವರು ಮತ್ತೆ ಬಾಯಿ ತೆರೆದರು.